ನಾಲ್ಕೂವರೆ ಇಂಚು

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಸಿದ್ಧಾರ್ಥನಗರದ ಹಳೆಯ ಮೂರಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ಏಳನೇ ನಂಬರಿನ ಮನೆಯ ಅಡುಗೆಮನೆ ಗೋಡೆ ತೂತಾಗಿ ಎಂಟನೇ ನಂಬರಿನ ದೇವರ ಗೂಡಿಗೆ ತೆರೆದುಕೊಂಡಿತು.

ಉಳಿ ಹಿಡಿದಿದ್ದವರು ಅಮಲದಾಸ್. ವಯಸ್ಸು ಅರವತ್ನಾಲ್ಕು, ಅದರಲ್ಲಿ ನಲವತ್ತು ವರ್ಷ ಗಾರೆ ಕೆಲಸ. ಏಟು ಬಿದ್ದ ಇಟ್ಟಿಗೆ ಈಚೆ ಬರಬೇಕಿತ್ತು, ಆಚೆ ಹೋಯಿತು. ಅದರ ಹಿಂದೆಯೇ ಇನ್ನೂ ನಾಲ್ಕು ಹೋದವು. ಆ ಕಡೆ ಹಿತ್ತಾಳೆ ಪಾತ್ರೆಗಳು ಉರುಳಿದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ.

ಹಿಂದೆ ಬಾಂಡ್ಲಿ ಹಿಡಿದು ನಿಂತಿದ್ದ ಕ್ಯಾರೊಲಿನ್ ಬಗ್ಗಿ ನೋಡಿದಳು.

"ಚಿಕ್ಕಪ್ಪ, ಬೆಳಕು ಕಾಣ್ತಿದೆ."

"ಕಾಣ್ಬಾರ್ದು ಕಣಮ್ಮ," ಎಂದರು ಅಮಲದಾಸ್. ಉಳಿಯನ್ನು ನೆಲದ ಮೇಲಿಟ್ಟರು. "ಇನ್ನೂ ನಾಲ್ಕೂವರೆ ಇಂಚು ಗೋಡೆ ಇರ್ಬೇಕು ಅಲ್ಲಿ."

ಆ ನಾಲ್ಕೂವರೆ ಇಂಚಿನ ಲೆಕ್ಕ ಕ್ಯಾರೊಲಿನ್‌ಳದು. ಅವಳೂ ಗಂಡ ಎಡ್ವಿನ್ನೂ ಹನ್ನೊಂದು ವರ್ಷ ಲಷ್ಕರ್ ಮೊಹಲ್ಲಾದ ಬಾಡಿಗೆ ಮನೆಯಲ್ಲಿದ್ದು, ಜೂನ್‌ನಲ್ಲಿ ಈ ಒಂದು ಮಲಗುವ ಕೋಣೆಯ ಮನೆ ಕೊಂಡಿದ್ದರು. ನೋಂದಣಿ ಮುಗಿದಾಗ ಕೈಯಲ್ಲಿ ಉಳಿದ ಹಣ, ಕಂಟ್ರಾಕ್ಟರ್ ಒಬ್ಬ ಬರೀ ಅಡುಗೆಮನೆಗೆ ಕೇಳಿದ್ದರ ಅರ್ಧವೂ ಇರಲಿಲ್ಲ. ಹಾಗಾಗಿ ಕೈಯಲ್ಲಾಗುವುದನ್ನೆಲ್ಲ ಕೈಯಲ್ಲೇ ಮಾಡಿದರು. ಎಡ್ವಿನ್ ಮೇಟಗಳ್ಳಿಯ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದು ಸುಣ್ಣ ಉಜ್ಜಿದ, ಬಣ್ಣ ಹಚ್ಚಿದ. ಕಡಪಾ ಕಲ್ಲಿನ ಹಳೆಯ ಕಟ್ಟೆಯನ್ನು ಒಡೆಯದೆ ತಿಕ್ಕಿ ಹೊಳೆಯಿಸಿದರು. ಯಾರೋ ಕಿತ್ತು ಹಾಕಿದ್ದ ತೇಗದ ಕಿಟಕಿ ಬಾಗಿಲುಗಳು ಇವರ ಬೀರು ಬಾಗಿಲುಗಳಾದವು. ಗಾರೆ ಕೆಲಸಕ್ಕೆ ಎಡ್ವಿನ್‌ನ ಚಿಕ್ಕಪ್ಪ ಬಂದರು. ಅವರ ಕೂಲಿ ಮೂರು ಹೊತ್ತಿನ ಊಟ ಮತ್ತು ಭಾನುವಾರ ಚರ್ಚಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವುದು.

ಉಳಿದದ್ದು ಫ್ರಿಜ್. ಅಡುಗೆಮನೆಯಲ್ಲಿ ಎಲ್ಲಿಟ್ಟರೂ ಬಚ್ಚಲಿನ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಎಡ್ವಿನ್ ಎರಡು ತಿಂಗಳಿಂದ ಅಡ್ಡಡ್ಡ ತಿರುಗಿ ಸ್ನಾನಕ್ಕೆ ಹೋಗುತ್ತಿದ್ದ. ಕ್ಯಾರೊಲಿನ್ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವರ ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರವನ್ನು ಅರ್ಧ ಮಿಲಿಮೀಟರ್ ತಪ್ಪದೆ ಅಳೆಯುತ್ತಾಳೆ. ಪಕ್ಕದ ಮನೆಗೂ ತಮಗೂ ಸೇರಿದ ಗೋಡೆಯ ತುದಿ ಬಾಲ್ಕನಿಯಲ್ಲಿ ಕಾಣುತ್ತಿತ್ತು. ಅಲ್ಲಿ ಟೇಪು ಹಿಡಿದಳು. ಗಾರೆ ಬಿಟ್ಟು ಒಂಬತ್ತು ಇಂಚು. ಭಾರವೆಲ್ಲ ಪಿಲ್ಲರುಗಳ ಮೇಲಿದೆ ಎಂದು ಅಮಲದಾಸ್ ನೋಡಿ ಹೇಳಿದರು. ಒಂಬತ್ತರಲ್ಲಿ ಅರ್ಧ ಕೊರೆದರೆ ಫ್ರಿಜ್ ಒಳಸರಿಯುತ್ತದೆ, ಬಚ್ಚಲ ಬಾಗಿಲು ಪೂರ್ತಿ ತೆರೆಯುತ್ತದೆ.

"ಪಕ್ಕದ ಮನೇವ್ರಿಗೆ ಒಂದ್ಮಾತು ಹೇಳ್ಬುಡೋಣ," ಎಂದಿದ್ದ ಎಡ್ವಿನ್.

"ಹೇಳಿದ್ರೆ ಅಸೋಸಿಯೇಷನ್‌ಗೆ ಹೋಗುತ್ತೆ. ಅವ್ರು ಇಂಜಿನಿಯರ್ ಕರ್ಕೊಂಬನ್ನಿ ಅಂತಾರೆ. ಅವ್ನ ಫೀಸಲ್ಲಿ ಇನ್ನೊಂದು ಫ್ರಿಜ್ ಬರುತ್ತೆ," ಎಂದಿದ್ದಳು ಕ್ಯಾರೊಲಿನ್.

ಅವಳು ಅಳೆದದ್ದು ಗೋಡೆಯ ತುದಿಯನ್ನು. ನಡುವೆ ಅಳೆದಿರಲಿಲ್ಲ.

ಧೂಳು ಇಳಿಯುವುದಕ್ಕೆ ಒಂದು ನಿಮಿಷ ಹಿಡಿಯಿತು. ತೂತು ಮೊಣಕಾಲೆತ್ತರದಲ್ಲಿತ್ತು, ಒಂದು ಅಡಿಗಿಂತ ಕಡಿಮೆ ಅಗಲ. ಕ್ಯಾರೊಲಿನ್ ನೆಲಕ್ಕೆ ಕೂತು ಮುಖ ಇಟ್ಟು ನೋಡಿದಳು. ಎರಡು ಮೊಳ ದೂರದಲ್ಲಿ, ಮಣೆಯ ಮೇಲೆ, ನೀಲಮ್ಮ ಕೂತಿದ್ದರು. ತೀರಿಕೊಂಡ ಶಿವಲಿಂಗಯ್ಯನವರ ಹೆಂಡತಿ. ಗಂಡನದು ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿ ಇತ್ತು. ನೀಲಮ್ಮನಿಗೆ ಎಪ್ಪತ್ತೆರಡು ವರ್ಷ. ಹಣೆಯ ಮೇಲೆ ವಿಭೂತಿ, ವಿಭೂತಿಯ ಮೇಲೆ ಸುಣ್ಣದ ಧೂಳು, ಕನ್ನಡಕದ ಮೇಲೂ ಧೂಳು. ಕೊರಳಲ್ಲಿ ಬೆಳ್ಳಿಯ ಕರಡಿಗೆ ಬಾಯಿ ತೆರೆದು ನೇತಾಡುತ್ತಿತ್ತು. ಎಡಗೈ ಎದೆಯ ಮಟ್ಟಕ್ಕೆ ಮುಂದೆ ಚಾಚಿತ್ತು. ಅಂಗೈ ಖಾಲಿಯಾಗಿತ್ತು.

ಆ ಅಂಗೈಯಲ್ಲಿ ಏನಿರಬೇಕಿತ್ತೆಂದು ಕ್ಯಾರೊಲಿನ್‌ಗೆ ಗೊತ್ತಿತ್ತು. ಹಿಂದಿನ ತಿಂಗಳು ಪಾತ್ರೆ ವಾಪಸು ಕೊಡಲು ಹೋದಾಗ ನೋಡಿದ್ದಳು: ದೊಡ್ಡ ನೇರಳೆ ಹಣ್ಣಿನಷ್ಟು, ಕಪ್ಪಗೆ, ಮಿರಮಿರ ಮಿನುಗುವ, ಆ ಕರಡಿಗೆಯಲ್ಲಿಟ್ಟು ಕೊರಳಲ್ಲಿ ಧರಿಸುವ ಇಷ್ಟಲಿಂಗ.

"ಅಮ್ಮ, ಏಟಾಯ್ತಾ?"

ನೀಲಮ್ಮ ತಮ್ಮ ಕೈಯನ್ನೇ ನೋಡುತ್ತಿದ್ದರು. ಮನೆಯ ಬೀಗದಕೈ ಎಲ್ಲಿಟ್ಟೆ ಎಂದು ಕೇಳುವ ದನಿಯಲ್ಲಿ, "ಲಿಂಗ ಎಲ್ಲಿ?" ಎಂದರು.

"ಅಲ್ಲೇ ಬಿದ್ದಿರುತ್ತೆ ಅಮ್ಮ. ಬಾಗಿಲು ತೆಗೀರಿ, ಬಂದು ಹುಡುಕ್ತೀನಿ."

"ನಾನು ಏಳಲ್ಲ. ಎದ್ದು ತುಳಿದ್ಬುಟ್ರೆ?"

ಸದ್ದು ಕೇಳಿ ಓಡಿಬಂದ ಎಡ್ವಿನ್ ಅಷ್ಟರಲ್ಲಿ ಎಂಟನೇ ನಂಬರಿನ ಬಾಗಿಲು ತಳ್ಳಿ ನೋಡಿ ಬಂದಿದ್ದ. ಒಳಗಿನಿಂದ ಚಿಲಕ. ಪೂಜೆಗೆ ಕೂರುವಾಗ ನೀಲಮ್ಮ ಯಾವಾಗಲೂ ಹಾಕುತ್ತಿದ್ದದ್ದು. ಮಗ ಮಹಾಂತೇಶ್, ಸೊಸೆ ನಿಶ್ಚಿತಾ ಮದುವೆಗೆಂದು ನಂಜನಗೂಡಿಗೆ ಹೋಗಿದ್ದರು.

ಕ್ಯಾರೊಲಿನ್‌ಳ ಕಣ್ಣು ಮಣೆಯ ಪಕ್ಕದ ಸ್ಟೂಲಿನ ಮೇಲೆ ನಿಂತಿತು. ನೀಲಿ ಮುಚ್ಚಳದ ಇನ್ಸುಲಿನ್ ಪೆನ್ನು. ಅವಳ ತಾಯಿ ಇನ್ನಾಸಮ್ಮ ಒಂಬತ್ತು ವರ್ಷ ಅದನ್ನೇ ಚುಚ್ಚಿಕೊಂಡಿದ್ದರು.

"ಅಮ್ಮ, ಇಂಜೆಕ್ಷನ್ ತಗೊಂಡ್ರಾ?"

"ಒಂಬತ್ತೂ ಮುಕ್ಕಾಲಿಗೆ."

"ತಿಂಡಿ?"

"ಪೂಜೆ ಆಗದೆ ತಿಂಡಿ ಎಲ್ಲಿಂದ ಬರುತ್ತೆ?"

ಹತ್ತು ಗಂಟೆ ಹದಿನಾಲ್ಕು ನಿಮಿಷವಾಗಿತ್ತು. ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಕ್ಯಾರೊಲಿನ್ ಬಾಳೆಹಣ್ಣು ತಂದು ತೂತಿನಲ್ಲಿ ಕೈ ತೂರಿಸಿದಳು. ನೀಲಮ್ಮ ಹಣ್ಣಿನ ಕಡೆ ನೋಡಲಿಲ್ಲ.

"ಲಿಂಗ ಇಲ್ದೆ ನೀರೂ ಮುಟ್ಟಲ್ಲ ಕಣಮ್ಮ. ಹತ್ತನೇ ವರ್ಷಕ್ಕೆ ಕಟ್ಟಿದ್ರು. ಅರವತ್ತೆರಡು ವರ್ಷ ಆಯ್ತು, ಒಂದಿನ ತಪ್ಪಿಲ್ಲ. ಹೆರಿಗೇಲೂ ತಪ್ಪಿಲ್ಲ."

ಎಡ್ವಿನ್ ಆಂಬುಲೆನ್ಸಿಗೆ ಫೋನ್ ಮಾಡಿದ. ಆಮೇಲೆ ಮಹಾಂತೇಶನಿಗೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ತೂತಿನ ಬಳಿ ಹಿಡಿದ. ಹಿಂದೆ ನಾದಸ್ವರ ಕೇಳುತ್ತಿತ್ತು.

"ಅಮ್ಮ, ತಿನ್ನಮ್ಮ. ಶಿವ ಏನೂ ಅನ್ಕೊಳಲ್ಲ. ಮಠದ ಅಯ್ಯನವ್ರ ಹತ್ರ ನಾನು ಮಾತಾಡ್ತೀನಿ."

"ನೀನು ಸುಮ್ನಿರೋ. ನಿನ್ನ ಲಿಂಗ ಬೀರೂಲಿ ಇದೆ. ನಿಂಗೇನ್ ಗೊತ್ತು."

ಮಹಾಂತೇಶ್ ಹೊರಟೆ ಎಂದ. ನಂಜನಗೂಡಿನಿಂದ ಬರಲು ಮುಕ್ಕಾಲು ಗಂಟೆಯಾದರೂ ಬೇಕು.

ಅಮಲದಾಸ್ ಸುತ್ತಿಗೆ ಎತ್ತಿಕೊಂಡಾಗ ನೀಲಮ್ಮ ಮೊದಲ ಸಲ ದನಿ ಏರಿಸಿದರು. "ಹೊಡೀಬೇಡಿ. ಅದ್ರ ಮೇಲೆ ಬಿದ್ರೆ ಏನ್ ಮಾಡ್ತೀರಿ?"

ಸುತ್ತಿಗೆ ಕೆಳಗೆ ಹೋಯಿತು. ಅಮಲದಾಸ್ ಬರಿಗೈಯಲ್ಲಿ ಸಡಿಲ ಇಟ್ಟಿಗೆಗಳನ್ನು ಒಂದೊಂದಾಗಿ ಅಲ್ಲಾಡಿಸಿ ಈಚೆ ಎಳೆಯತೊಡಗಿದರು. ಎಡ್ವಿನ್ ಇಸಿದುಕೊಂಡು ಹಿಂದಕ್ಕೆ ಜೋಡಿಸಿದ. ಎಳೆಯುತ್ತ ಎಳೆಯುತ್ತ ಅಮಲದಾಸರ ಕೈ ನಿಂತಿತು. ತೂತಿನ ಆ ಬದಿಯ ಅಂಚು ಒಡೆದದ್ದಲ್ಲ. ಕರಣೆಯಲ್ಲಿ ನುಣ್ಣಗೆ ಗಾರೆ ಮಾಡಿದ್ದು, ಮೇಲೆ ಬಿಳಿ ಟೈಲ್ಸ್.

"ಆ ಕಡೆಯಿಂದ್ಲೂ ಯಾರೋ ನಾಲ್ಕೂವರೆ ಇಂಚು ಕೊರ್ದವ್ರೆ," ಎಂದರು ಮೆಲ್ಲಗೆ. "ಒಳ್ಳೇ ಕೆಲಸಗಾರ. ನನ್ನ ಹಂಗೇ."



ಹತ್ತೂ ಮೂವತ್ತೊಂದಕ್ಕೆ ಕ್ಯಾರೊಲಿನ್ ತೂರುವಷ್ಟು ಜಾಗವಾಯಿತು. ತಲೆ ಮೊದಲು ಹೋಯಿತು, ಆಮೇಲೆ ಭುಜ. ಕೊರಳಿನ ಶಿಲುಬೆಯ ಸರ ಇಟ್ಟಿಗೆಗೆ ಸಿಕ್ಕಿ ಹರಿಯಿತು. ದೇವರ ಗೂಡಿನ ಮೂಲಕ ಪಕ್ಕದ ಮನೆಗೆ ಅಂಗೈಯೂರಿ ಇಳಿದಳು. ಬೆರಳುಗಳಲ್ಲಿ ನೆಲ ತಡವಿ ದಾರಿ ಮಾಡಿಕೊಂಡು ಹೋಗಿ ಚಿಲಕ ತೆಗೆದಳು.

"ಒಳಗೆ ಬರ್ಬೇಡ. ಮರಳು ಜರಡಿ ಕೊಡು," ಎಂದಳು ಎಡ್ವಿನ್‌ಗೆ.

ಗಾರೆಯ ಮರಳು ಸೋಸುವ ಜರಡಿಯಲ್ಲಿ ಅವಳು ನೀಲಮ್ಮನ ಮುಂದಿನ ರಾಶಿಯನ್ನು ಬೊಗಸೆ ಬೊಗಸೆಯಾಗಿ ಸೋಸಿದಳು. ಇಟ್ಟಿಗೆ ಚೂರು, ಬಿಲ್ವಪತ್ರೆ, ಬತ್ತಿ, ವಿಭೂತಿ ಗಟ್ಟಿಯ ತುಂಡು, ಮುರಿದ ಗಂಟೆ. ಕಪ್ಪಗೆ ಕಂಡದ್ದೆಲ್ಲ ಇದ್ದಿಲು ಅಥವಾ ಸುಟ್ಟ ಇಟ್ಟಿಗೆ.

"ಫ್ರಿಜ್ಜಿಗೆ ಗೂಡು ಮಾಡ್ತಿದ್ರಾ?" ಎಂದರು ನೀಲಮ್ಮ.

"ಹೂಂ ಅಮ್ಮ."

"ತಂಪಿನ ಪೆಟ್ಟಿಗೆಗೆ ದೇವ್ರ ಮನೆ." ಮೇಲ್ತುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಚಾಚಿದ ಕೈ ನಡುಗುತ್ತಿತ್ತು, ಇಳಿದಿರಲಿಲ್ಲ.

"ಒಂದ್ಚೂರು ಸಕ್ಕರೆ ಅಮ್ಮ. ಔಷಧಿ ಅನ್ಕೊಳ್ಳಿ."

"ಬೇಡ ಅಂದೆ."

ಹತ್ತೂ ನಲವತ್ತಕ್ಕೆ ಮತ್ತೆ ಕೇಳಿದಳು. ಬೇಡ ಎಂದರು. ನಲವತ್ತನಾಲ್ಕಕ್ಕೆ ಕೇಳಿದಾಗ ನೀಲಮ್ಮ, "ನಿಶ್ಚಿತಾ, ಹಾಲು ಉಕ್ತಿದೆ ನೋಡೇ," ಎಂದರು. ಒಲೆ ಹಚ್ಚಿರಲಿಲ್ಲ. ತಲೆ ಎದೆಯ ಮೇಲೆ ಬಾಗಿತು. ಎಡಗೈ ಮಾತ್ರ ಹಾಗೇ ಇತ್ತು, ಯಾರೋ ಅಲ್ಲಿಟ್ಟು ಹೋದಂತೆ.

ಕ್ಯಾರೊಲಿನ್ ಆಕೆಯನ್ನು ತೋಳಿನಲ್ಲಿ ಆನಿಸಿಕೊಂಡು ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತರಲು ಎಡ್ವಿನ್‌ಗೆ ಹೇಳಿದಳು. ಅವನು ಬಾಗಿಲಲ್ಲೇ ನಿಂತ.

"ಬೇಡ ಅಂದ್ರಲ್ಲ ಅವ್ರು."

"ತಗೊಂಡ್ಬಾ."

ಹತ್ತೂ ನಲವತ್ತಾರಕ್ಕೆ ಅವಳು ಅರ್ಧ ಚಮಚದಷ್ಟು ಸಕ್ಕರೆಯನ್ನು ಬೆರಳಿನಲ್ಲಿ ತೆಗೆದು ನೀಲಮ್ಮನ ಕೆನ್ನೆಯ ಒಳಬದಿಗೆ ಒತ್ತಿ ಉಜ್ಜಿದಳು. ತುಟಿ ಬಿಗಿಯಾಗಲಿಲ್ಲ, ತಡೆಯಲೂ ಇಲ್ಲ. ಬಾಯಿ ಒಣಗಿತ್ತು, ಸಕ್ಕರೆ ಕರಗುತ್ತಿರಲಿಲ್ಲ. ಬೆರಳು ಒದ್ದೆ ಮಾಡಿಕೊಳ್ಳಲು ಅವಳು ಪಕ್ಕದಲ್ಲಿದ್ದ ಅಭಿಷೇಕದ ತಂಬಿಗೆಗೆ ಕೈ ಹಾಕಿದಳು. ಎಲ್ಲ ಪಾತ್ರೆಗಳೂ ಉರುಳಿದ್ದರೂ ಅದೊಂದು ನೆಟ್ಟಗೆ ನಿಂತಿತ್ತು. ಒಳಗಿನ ನೀರು ಸುಣ್ಣ ಕದಡಿ ಹಾಲಿನಂತಾಗಿತ್ತು. ವಾಲಿಸಿದಾಗ ತಳದಲ್ಲಿ ಏನೋ ಉರುಳಿ, ಕಂಚಿಗೆ ತಾಗಿ ಟಣ್ ಎಂದಿತು.

ಅವಳು ಕೈ ಹಾಕಲಿಲ್ಲ. ನೀರನ್ನು ನಿಧಾನವಾಗಿ ತಟ್ಟೆಗೆ ಬಗ್ಗಿಸಿದಳು. ನೇರಳೆ ಹಣ್ಣಿನಷ್ಟು ದೊಡ್ಡದು, ಕಪ್ಪಗಿತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಹತ್ತೂ ನಲವತ್ತೆಂಟು. ಕ್ಯಾರೊಲಿನ್ ಗಡಿಯಾರ ನೋಡಿದಳು, ಸಕ್ಕರೆ ಅಂಟಿದ ಬೆರಳು ನೋಡಿದಳು. ಎರಡು ನಿಮಿಷ. ಹತ್ತೂ ಮೂವತ್ತೊಂದರಿಂದ ಅದು ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಬಿದ್ದ ರಾಶಿಯನ್ನೆಲ್ಲ ಸೋಸಿದ್ದಳು. ನಿಂತಿದ್ದ ಪಾತ್ರೆಯನ್ನು ನೋಡಿರಲಿಲ್ಲ.

ತೂತಿನ ಆಚೆಯಿಂದ ಅಮಲದಾಸ್ ಪಿಸುಗುಟ್ಟಿದರು. "ಸಕ್ಕರೆ ವಿಷ್ಯ ಹೇಳ್ಬೇಡ ಕಣಮ್ಮ. ಅವ್ರಿಗೆ ಜ್ಞಾನ ಇರ್ಲಿಲ್ಲ. ಹೇಳಿ ಯಾರಿಗೇನು ಬರುತ್ತೆ?"

ಐದಾರು ನಿಮಿಷದಲ್ಲಿ ನೀಲಮ್ಮ ಕಣ್ಣು ಬಿಟ್ಟರು. ಮೊದಲು ಕಂಡದ್ದು ತಂಬಿಗೆ. ಕ್ಯಾರೊಲಿನ್ ಅದನ್ನು ಅವರ ಅಂಗೈಯ ಮೇಲೆ ಬಗ್ಗಿಸಿದಳು. ಲಿಂಗ ಜಾರಿ ಅಂಗೈಗೆ ಇಳಿಯಿತು. ನೀಲಮ್ಮನ ಬೆರಳುಗಳು ತಾವಾಗಿ ಮಡಿಚಿಕೊಂಡವು. ಆಮೇಲೆ ನಾಲಿಗೆಯನ್ನು ಒಂದು ಸಲ ಕೆನ್ನೆಯೊಳಗೆ ಆಡಿಸಿ ಕೇಳಿದರು:

"ನಾನು ಬಾಯಿಗೆ ಏನಾದ್ರೂ ಇಟ್ಕೊಂಡ್ನಾ?"



"ನೀವು ಇಟ್ಕೊಳ್ಲಿಲ್ಲ. ನಾನು ಇಟ್ಟೆ," ಎಂದಳು ಕ್ಯಾರೊಲಿನ್. "ಅರ್ಧ ಚಮಚ ಸಕ್ಕರೆ."

"ಇದು ಸಿಕ್ಕ ಮೇಲಾ?"

"ಮುಂಚೆ. ಎರಡು ನಿಮಿಷ ಮುಂಚೆ."

ನೀಲಮ್ಮ ಅವಳ ಮುಖವನ್ನೇ ನೋಡಿದರು. ಬೈಯುತ್ತಾರೆಂದು ಕ್ಯಾರೊಲಿನ್ ಕಾದಳು. ಅವರು ಬೈಯಲಿಲ್ಲ, ಅಳಲೂ ಇಲ್ಲ. ಧೂಳು ಮೆತ್ತಿದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಹೇಳಿದರು:

"ಈ ಗೂಡು ನಾನೇ ಕೊರೆಸಿದ್ದು. ಎಂಟು ವರ್ಷದ ಹಿಂದೆ. ಮರದ ದೇವ್ರ ಮನೆಗೆ ವಿಪರೀತ ರೇಟು ಹೇಳಿದ್ರು. ಗೋಡೆ ಒಂಬತ್ತು ಇಂಚು ಇದೆ, ಅರ್ಧ ನಮ್ದೇ ಅಲ್ವಾ ಅಂದೆ. ಆಗ ನಿಮ್ಮನೇಲಿ ಬಾಡಿಗೆಯವ್ರಿದ್ರು. ಯಾರ್ನೂ ಕೇಳ್ಲಿಲ್ಲ."



ಹನ್ನೊಂದೂ ಎರಡಕ್ಕೆ ಆಂಬುಲೆನ್ಸ್ ಬಂತು. ಮೇಲೆ ಬಂದ ನರ್ಸ್ ಬೆರಳು ಚುಚ್ಚಿ ನೋಡಿ ರಕ್ತದ ಸಕ್ಕರೆ ಅರವತ್ತಾರು ಎಂದಳು. ಸಕ್ಕರೆ ಇಡದೆ ಇನ್ನು ಹತ್ತು ನಿಮಿಷ ಬಿಟ್ಟಿದ್ದರೆ ಎಷ್ಟಿರುತ್ತಿತ್ತೋ ಹೇಳಲಾಗದು, ಈಗಲೇ ಏನಾದರೂ ತಿನ್ನಲಿ ಎಂದಳು. ನೀಲಮ್ಮ ಒಂದು ಬೆರಳು ಎತ್ತಿ ತಡೆದರು. ಬೇರೆ ನೀರು ತರಿಸಿ, ಇಟ್ಟಿಗೆ ಚೂರುಗಳ ನಡುವೆಯೇ ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಕಣ್ಣು ಮುಚ್ಚಿದರು. ನರ್ಸ್ ವಾಚು ನೋಡುತ್ತ ನಿಂತಳು. ಮೂರು ನಿಮಿಷ ಹಿಡಿಯಿತು. ಆಮೇಲೆ ಕ್ಯಾರೊಲಿನ್ ತಂದಿದ್ದ ಬಾಳೆಹಣ್ಣನ್ನು ಸುಲಿದು ತಿಂದರು.

ಸೋಮವಾರ ನೀಲಮ್ಮ ಮಗನೊಂದಿಗೆ ಮಠಕ್ಕೆ ಹೋಗಿ ಬಂದರು. ಅಲ್ಲಿ ಏನು ಹೇಳಿದರೆಂದು ಕ್ಯಾರೊಲಿನ್ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಂಗಳವಾರ ಅಮಲದಾಸ್ ಎರಡೂ ಮನೆಗಳಿಂದ ಇಟ್ಟಿಗೆ ಕಟ್ಟಿ ಗೋಡೆಯನ್ನು ಒಂಬತ್ತು ಇಂಚಿಗೆ ತಂದರು. ಫ್ರಿಜ್ ಹಾಲ್‌ನಲ್ಲಿ ಟಿವಿಯ ಪಕ್ಕ ನಿಂತಿತು. ಬುಧವಾರದಿಂದ ನೀಲಮ್ಮ ಇನ್ಸುಲಿನ್ ಚುಚ್ಚಿಕೊಳ್ಳುವುದು ಪೂಜೆ ಮುಗಿದ ಮೇಲೆ; ಪೂಜೆಗೆ ಕೂರುವಾಗ ಮುಂಬಾಗಿಲಿಗೆ ಚಿಲಕ ಹಾಕುವುದಿಲ್ಲ.