ಹನ್ನೊಂದು ಇಂಚು

ಆ ಬಿಳಿ ಹೆಂಗಸು ನಮ್ಮಲ್ಲಿಗೆ ಬಂದದ್ದು ನನ್ನ ಅಜ್ಜನಿಗೆ ಗೌರವ ಸಲ್ಲಿಸಲಿಕ್ಕಂತೆ. ಹೆಸರು ಫಿಲಿಪಾ ಪೆಂಡ್ರಿ. ಮೊಲೊ ಕಡೆಯ ಗುಡ್ಡಗಳಲ್ಲಿ ಎರಡು ಸಾವಿರ ಎಕರೆ ಹಿಡಿದುಕೊಂಡು ಕೂತಿದ್ದ ಪೆಂಡ್ರಿ ದೊರೆಯ ಮೊಮ್ಮಗಳು. ತನ್ನ ಅಜ್ಜಿ ಮೂವತ್ತು ವರ್ಷ ಬರೆದ ದಿನಚರಿಯನ್ನು ಪುಸ್ತಕ ಮಾಡಿಸುತ್ತಿದ್ದಳು. ಅದರ ಪುಟಪುಟದಲ್ಲೂ ಜೂಮಾ ಅನ್ನುವ ಅಡುಗೆಯವನು ಬರುತ್ತಾನೆ, ಅವನ ಮನೆಯವರನ್ನು ಹುಡುಕಿಕೊಂಡು ಬಂದೆ ಅಂದಳು.

ನಮ್ಮ ಮನೆತನದಲ್ಲಿ ಜೂಮಾ ಅನ್ನುವವನು ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ನಾವು ಉಗಾಂಡದ ಗಡಿ ಹತ್ತಿರ, ಸರೋವರದ ಕಡೆಯ ಲುವೊ ಜನ, ಅದು ಮೊಂಬಾಸಾ ಕರಾವಳಿಯ ಮುಸಲ್ಮಾನರ ಹೆಸರು. ಆದರೆ ಅವಳು ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದಳು. ಅದು ಕಿಪಾಂಡೆ. ಬಿಳಿಯರ ಜಮೀನಿಗೆ ಕೂಲಿಗೆ ಹೋದ ಪ್ರತಿ ಗಂಡಸೂ ದನದ ಗಂಟೆಯ ಹಾಗೆ ಕೊರಳಿಗೆ ನೇತುಹಾಕಿಕೊಳ್ಳಬೇಕಿದ್ದ ಡಬ್ಬಿ. ಒಳಗಿನ ಕಾಗದ ಮಡಿಕೆಯಲ್ಲಿ ಹರಿದಿತ್ತು. ಒಲಾಂಗೊ, ರಾಡಿಂಗನ ಮಗ, ಗೆಮ್ ಪ್ರದೇಶ, ಹೆಬ್ಬೆಟ್ಟಿನ ಗುರುತು. ಒಲಾಂಗೊ ನನ್ನ ತಾಯಿಯ ಅಪ್ಪ.

ಅವನು ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಆ ಜಮೀನಿನಿಂದ ಓಡಿಹೋದ ಎಂದು ಊರೆಲ್ಲ ಹೇಳುತ್ತಿತ್ತು. ಉಗಾಂಡದ ಒಬ್ಬಳನ್ನು ಕಟ್ಟಿಕೊಂಡನಂತೆ. ಓಡಿಹೋದವನು ಸತ್ತಿದ್ದಾನೋ ಬದುಕಿದ್ದಾನೋ ಯಾರಿಗೆ ಗೊತ್ತು? ಬದುಕಿರುವವನಿಗೆ ಗುಂಡಿ ತೋಡಿದರೆ ಮನೆಯೊಳಕ್ಕೆ ಸಾವನ್ನು ಕರೆದ ಹಾಗೆ. ಹಾಗಾಗಿ ಅವನಿಗೆ ಗೋರಿಯಿಲ್ಲ. ನನ್ನ ಅಜ್ಜಿ ಹೆಂಡತಿಯೂ ಅಲ್ಲದೆ ವಿಧವೆಯೂ ಅಲ್ಲದೆ ನಲವತ್ತು ವರ್ಷ ಬದುಕಿ ಸತ್ತಳು. ಅಮ್ಮನಿಗೆ ಈಗ ಎಪ್ಪತ್ತನಾಲ್ಕು. ಅಪ್ಪನಿಗೊಂದು ಗೋರಿ ನೋಡಿಯೇ ಕಣ್ಣು ಮುಚ್ಚಬೇಕು ಅನ್ನುವುದೊಂದೇ ಅವಳ ಹಟ. ಆದರೆ ಅಮ್ಮ ಮದುವೆಯಾಗಿ ಹೊರಗೆ ಹೋದ ಹೆಣ್ಣು, ತವರಿನ ಅಂಗಳದಲ್ಲಿ ಗುದ್ದಲಿ ಹಾಕಿಸುವ ಹಕ್ಕು ಅವಳಿಗಿಲ್ಲ. ಆ ಹಕ್ಕು ಇರುವುದು ಅಜ್ಜನ ತಮ್ಮನ ಮಗ ಒಬುರಾ ಮಾವನಿಗೆ. ಅವನು ಅಜ್ಜನ ಹೆಸರು ಕೇಳಿದರೆ ಉಗುಳುತ್ತಿದ್ದ.

ಒಬುರಾ ಮಾವನ ಅಂಗಳದಲ್ಲೇ ನಾವೆಲ್ಲ ಕೂತಿದ್ದೆವು. ಫಿಲಿಪಾ ಕಟ್ಟುಹಾಕಿಸಿ ತಂದಿದ್ದ ಒಂದು ಫೋಟೋವನ್ನು ಅಮ್ಮನ ಮಡಿಲಲ್ಲಿಟ್ಟಳು. ಬಿಳಿ ಕಾಂಜು ತೊಟ್ಟ, ಹಲ್ಲು ಬಿಟ್ಟು ನಗುವ ಒಬ್ಬ ಗಂಡಸು. ಕಾಂಜು ಅಂದರೆ ಹೆಗಲಿಂದ ಹಿಮ್ಮಡಿಯವರೆಗೆ ಇಳಿಯುವ ನಿಲುವಂಗಿ, ದೊರೆಗಳ ಮನೆಯ ಅಡುಗೆಯವರ ಸಮವಸ್ತ್ರ. ಕೈಯಲ್ಲಿ ಹೊಸ ಗಡಿಯಾರ. ಕೆಳಗೆ 'ನಮ್ಮ ಜೂಮಾ, ಇಪ್ಪತ್ತೆಂಟು ವರ್ಷಗಳ ನಿಷ್ಠೆ, 1957' ಎಂದು ಬರೆದಿತ್ತು.

"ನೋಡ್ದ್ಯಾ ಅಕ್ಕ," ಅಂದ ಒಬುರಾ ಮಾವ. "ಚೆನ್ನಾಗಿ ಕಣ್ಣು ಬಿಟ್ಟು ನೋಡು. ಐವತ್ತೇಳನೇ ಇಸ್ವಿ. ನಿಮ್ಮಪ್ಪ ಗಡಿಯಾರ ಕಟ್ಕೊಂಡು ನಗ್ತಾ ನಿಂತಿದ್ದಾನೆ. ಓಡಿಹೋಗಿದ್ದ ಅಂತ ನಾವು ಇಷ್ಟು ದಿನ ಮರ್ಯಾದೆ ಕೊಟ್ಟು ಹೇಳ್ತಿದ್ವಿ. ಓಡೂ ಹೋಗಿಲ್ಲ ಮಹಾನುಭಾವ. ಅಲ್ಲೇ ಇದ್ದ, ಹೆಂಡ್ತಿ ಮಗಳು ಬೇಡವಾಗಿತ್ತು ಅಷ್ಟೆ. ಇವನಿಗೆ ಗೋರಿ ಬೇಕಂತೆ ಗೋರಿ."

ಅಮ್ಮ ಫೋಟೋವನ್ನು ಮೂಗಿನ ಹತ್ತಿರ ಹಿಡಿದುಕೊಂಡಳು. ಅಪ್ಪನನ್ನು ಕೊನೆಯದಾಗಿ ನೋಡಿದಾಗ ಅವಳಿಗೆ ನಾಲ್ಕು ವರ್ಷ, ಮುಖ ಎಲ್ಲಿ ನೆನಪಿರಬೇಕು?

"ಇದು ನಮ್ಮಪ್ಪ ಅಲ್ಲ ಅನ್ಸುತ್ತೆ ಕಣೋ."

"ಅನ್ಸುತ್ತೆ ಅಂದ್ರೆ?"

"ಬಾಗಿಲಲ್ಲಿ ಬಗ್ಗಿ ಬರ್ತಿದ್ದ. ಅಷ್ಟು ನೆನಪಿದೆ."

"ಗುಡಿಸಲ ಬಾಗಿಲಲ್ಲಿ ಯಾರು ತಾನೆ ಬಗ್ಗಲ್ಲ ಅಕ್ಕ? ನಾಯಿ ಒಂದು ಬಿಟ್ಟು."

ಅಲ್ಲಿದ್ದವರು ನಕ್ಕರು. ಫಿಲಿಪಾಗೆ ನಮ್ಮ ಮಾತು ಗೊತ್ತಿಲ್ಲ, ಅವಳೂ ಜೊತೆಗೆ ನಕ್ಕಳು. ಆ ನಗುವಿಗೆ ನನ್ನ ಮೈ ಉರಿದುಹೋಯಿತು. ಹೊರಡುವಾಗ ಅವಳು ದಿನಚರಿಯ ನಕಲು ಪ್ರತಿಯ ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟು, "ನಿಮಗೆ ಇಂಗ್ಲಿಷ್ ಬರುತ್ತಲ್ಲ, ಊರಿನ ಹೆಸರು, ಜನರ ಹೆಸರು ತಪ್ಪಾಗಿದ್ರೆ ತಿದ್ದಿಕೊಡ್ತೀರಾ? ಮುಂದಿನ ವಾರ ಬರ್ತೀನಿ," ಅಂದಳು. ತಗೊಂಡೆ. ಒಲೆಗೆ ಹಾಕಲಿಕ್ಕೆಂದೇ ತಗೊಂಡೆ.

ಹಾಕಲಿಲ್ಲ. ಯಾಲಾ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಶಾಲೆ ತೆರೆಯುವ ಕಾಲವಲ್ಲ, ಗಿರಾಕಿಗಳಿಲ್ಲ. ಮಿಷನ್ನಿನ ಮೇಲೆ ಕಟ್ಟು ಬಿಚ್ಚಿ ಓದಲಿಕ್ಕೆ ಕೂತೆ. ಫಿಲಿಪಾಳ ಅಜ್ಜಿ ಬರೆಯದೆ ಬಿಟ್ಟದ್ದೇ ಇಲ್ಲ. ಇವತ್ತು ಮೊಟ್ಟೆ ಎಷ್ಟು, ಮಳೆ ಎಷ್ಟು, ಪ್ಲಮ್ ಹಣ್ಣಿನ ಜಾಮ್ ಗಟ್ಟಿಯಾಯಿತೋ ಇಲ್ಲವೋ. ಸಾಕಿದ ಏಳು ನಾಯಿಗೂ ಏಳು ಹೆಸರು, ಹುಟ್ಟಿದ ದಿನ, ಸತ್ತ ದಿನ, ಯಾವ ಮರದ ಕೆಳಗೆ ಹೂಳಿದರು ಅನ್ನುವುದು ಕೂಡ. ಅಡುಗೆಯವನ ಮಾತು ಬಂದರೆ ಮಾತ್ರ ಹೀಗೆ: 'ಮೊಂಬಾಸಾದ ಜೂಮಾ ಬಿಟ್ಟುಹೋದ. ಹೊಸಬ ಸರೋವರದ ಕಡೆಯವನು. ಹೆಸರು ನಾಲಗೆಗೆ ತಿರುಗುವುದಿಲ್ಲ. ಇವನನ್ನೂ ಜೂಮಾ ಎಂದೇ ಕರೆಯುವುದೆಂದು ತೀರ್ಮಾನಿಸಿದೆವು.' ಪಕ್ಕದಲ್ಲಿ ಮೊಮ್ಮಗಳು ಪೆನ್ಸಿಲಿನಲ್ಲಿ ಗೀಟು ಹಾಕಿ 'ಮುದ್ದಾಗಿದೆ' ಎಂದು ಬರೆದಿದ್ದಳು.

ಮುದ್ದಂತೆ. ನಾನು ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ.

ಮುಂದೆ ಮೂವತ್ತನೇ ಇಸವಿಯಲ್ಲಿ ಒಂದು ಸಾಲು. ಬೇರೆ ಯಾರಾದರೂ ಓದಿದ್ದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡಿರುವವಳು ನಾನು, ನಿಂತೆ. 'ಜೂಮಾನಿಗೆ ಎರಡು ಹೊಸ ಕಾಂಜು ಹೊಲಿಸಿದೆ. ಹೆಗಲಿಂದ ಅಂಚಿಗೆ ಅರುವತ್ತು ಇಂಚು. ಇಡೀ ಜಿಲ್ಲೆಗೇ ಎತ್ತರದ ಅಡುಗೆಯವನು ನಮ್ಮವನು ಎಂದು ನೆರೆಯವರ ತಮಾಷೆ.'

ಅರುವತ್ತು ಇಂಚಿನ ಕಾಂಜು ತೊಡುವ ಗಂಡಸನ್ನು ನನ್ನ ಅಂಗಡಿಯಲ್ಲಿ ನಾನು ಇವತ್ತಿನವರೆಗೂ ಕಂಡಿಲ್ಲ. ಅಂಥವನು ಬಾಗಿಲಲ್ಲಿ ಬಗ್ಗುವುದಲ್ಲ, ಮಡಿಚಿಕೊಂಡೇ ಒಳಗೆ ಬರಬೇಕು. ಫೋಟೋದಲ್ಲಿದ್ದವನೋ, ಪಕ್ಕದ ಕಿಟಕಿಯ ಕೆಳದಂಡೆ ಅವನ ಹೆಗಲಿಗೆ ಬರುತ್ತಿತ್ತು. ಆಮೇಲೆ ನಾನು ಜಾಮು ಮೊಟ್ಟೆ ಎಲ್ಲ ದಾಟಿಸಿ ಬಟ್ಟೆಯ ಮಾತನ್ನೇ ಹುಡುಕುತ್ತ ಹೋದೆ. ಮೂವತ್ತನಾಲ್ಕರ ಮಾರ್ಚಿಯಲ್ಲಿ ಸಿಕ್ಕಿತು.

'ಮಾರ್ಚಿ 9. ಊಟಕ್ಕೆ ಎಂಟು ಜನ ಅತಿಥಿಗಳು. ಕುರಿಮಾಂಸ ಹಸಿಹಸಿ, ತುಂಬಾ ಅವಮಾನವಾಯಿತು. ಜೂಮಾ ಎದುರುತ್ತರ ಕೊಟ್ಟ. ಇವರು ಅವನ ಜೊತೆ ಕಠಿಣವಾಗಿ ನಡೆದುಕೊಳ್ಳಲೇಬೇಕಾಯಿತು. ನನಗೆ ತಲೆನೋವು.'

'ಮಾರ್ಚಿ 10. ಜೂಮಾ ಏಳಲಿಲ್ಲ. ಬೆಳಗಿನ ತಿಂಡಿ ನಾನೇ ಮಾಡಿದೆ.'

'ಮಾರ್ಚಿ 11. ಹಾಲಿನ ಕೋಣೆಯ ಹಿಂದೆ ಗುಲಾಬಿಗೆ ಆಳವಾಗಿ ಪಾತಿ ತೋಡಿಸಿದರು. ಆಳುಗಳು ಗೊಣಗಿದವು. ಸಂಜೆ ಒಳ್ಳೆ ಮಳೆ.'

'ಮಾರ್ಚಿ 15. ಜೂಮಾ ಮತ್ತೆ ಅಡುಗೆಮನೆಯಲ್ಲಿ. ಬ್ರೆಡ್ಡು ಕಲ್ಲಿನಂತಿದೆ, ಕಲಿಸಬೇಕು. ಅವನ ಕಾಂಜುಗಳನ್ನು ಹನ್ನೊಂದು ಇಂಚು ಮೊಟಕು ಮಾಡಿದೆ.'

ಅವತ್ತು ನಾನು ಅಂಗಡಿಗೆ ಬೀಗ ಹಾಕಿದೆ. ಕಾಯಿಲೆ ಬಿದ್ದ ಮನುಷ್ಯ ಸೊರಗಬಹುದು, ಕೂದಲು ಉದುರಬಹುದು. ನಾಲ್ಕೈದು ದಿನದಲ್ಲಿ ಹನ್ನೊಂದು ಇಂಚು ಕುಳ್ಳಗಾಗುವುದಿಲ್ಲ. ಇದನ್ನು ಆ ಮೊಮ್ಮಗಳು ಅಕ್ಷರ ಅಕ್ಷರ ಬೆರಳಚ್ಚು ಮಾಡಿದ್ದಾಳೆ, ಅವಳಿಗೆ ಏನೂ ಕಾಣಲಿಲ್ಲ. ಜೂಮಾ ಅಂದರೆ ಜೂಮಾ, ಒಬ್ಬ ಹೋದರೆ ಆ ಅಂಗಿಯೊಳಗೆ ಇನ್ನೊಬ್ಬ.

ಫಿಲಿಪಾ ಹೇಳಿದ ದಿನಕ್ಕೆ ಬಂದಳು. ಒಬುರಾ ಮಾವನ ಅಂಗಳದಲ್ಲೇ ಎಲ್ಲರನ್ನೂ ಕೂಡಿಸಿದ್ದೆ. ಮಾವ ಕೋಲೂರಿಕೊಂಡು ಬಂದು, "ಏನಮ್ಮ ದರ್ಜಿ, ಪಂಚಾಯ್ತಿ ನೀನೇ ಮಾಡ್ತೀಯಾ ಈಗ?" ಅಂದ.

"ಹೌದು. ನೆಟ್ಟಗೆ ನಿಂತ್ಕೊ ಮಾವ."

ನಮ್ಮ ಕಡೆ ಒಬುರಾ ಮಾವನಷ್ಟು ಉದ್ದದವರಿಲ್ಲ, ಬೈಸಿಕಲ್ಲಿನ ಮೇಲೆ ಕೂತರೂ ಅವನ ಕಾಲು ನೆಲ ಮುಟ್ಟುತ್ತದೆ. ಹೆಗಲಿಗೆ ಟೇಪು ಒತ್ತಿ ಹಿಮ್ಮಡಿಗೆ ಬಿಟ್ಟೆ. ಐವತ್ತೆಂಟು ಇಂಚು.

"ನಿಮ್ಮ ದೊಡ್ಡಪ್ಪನ ಅಂಗಿ ಅರುವತ್ತು. ನಿನಗಿಂತ ಎರಡು ಇಂಚು ಜಾಸ್ತಿ. ಇದು ಇವರ ಅಜ್ಜಿ ಬರೆದಿಟ್ಟ ಲೆಕ್ಕ, ನನ್ನದಲ್ಲ." ಆಮೇಲೆ ಟೇಪನ್ನು ನಲವತ್ತೊಂಬತ್ತಕ್ಕೆ ಹಿಡಿದೆ. ಅದು ಅವನ ಮೀನಖಂಡದ ನಡುವಿಗೆ ಬಂದು ನಿಂತಿತು. "ಮೂವತ್ತನಾಲ್ಕರ ಮಾರ್ಚಿಯ ಒಂದೇ ವಾರದೊಳಗೆ ಅದೇ ಅಂಗೀನ ಇಲ್ಲಿಗೆ ಕತ್ತರಿಸಿದ್ದಾಳೆ. ಈಗ ಹೇಳು, ಗಡಿಯಾರ ಕಟ್ಕೊಂಡು ನಗ್ತಿರೋನು ಯಾರು?"

ಮಾವ ತನ್ನ ಕಾಲನ್ನೇ ನೋಡುತ್ತ ನಿಂತ. ಮಾರ್ಚಿಯ ನಾಲ್ಕೂ ದಿನ ಓದಿ ನಮ್ಮ ಮಾತಿಗೆ ತಿರುಗಿಸಿದೆ. ಪಾತಿಯ ಸಾಲಿಗೆ ಬಂದಾಗ ಅವನು ಕೋಲು ಬಿಟ್ಟು ನೆಲದಲ್ಲೇ ಕೂತುಬಿಟ್ಟ.

ಇಂಚಿನ ಲೆಕ್ಕವನ್ನು ಇಂಗ್ಲಿಷಿನಲ್ಲೂ ಹೇಳಿದಾಗ ಫಿಲಿಪಾಳ ಮುಖ ಬಿಳಚಿಕೊಂಡಿತು. "ನಾನು... ನನಗೆ ಹೊಳೀಲೇ ಇಲ್ಲ. ಆದರೆ ಖಂಡಿತವಾಗಿ ಹೇಳೋಕಾಗಲ್ಲ ಅಲ್ವಾ? ಅಜ್ಜಿ ಕೆಟ್ಟವಳಾಗಿರಲಿಲ್ಲ. ಆ ಕಾಲವೇ ಹಾಗಿತ್ತು."

"ಕಾಲ ಯಾರ ಬೆನ್ನಿಗೂ ಹೊಡೀಲಿಲ್ಲ ಮೇಡಂ. ನಿಮ್ಮ ತಾತ ಹೊಡೆದ. ನಿಮ್ಮಜ್ಜಿ ತಲೆನೋವು ಅಂತ ಮಲಗಿದ್ಲು."

"ಅವಳಿಗೆ ಅವನ ನಿಜವಾದ ಹೆಸರೂ ಗೊತ್ತಿರಲಿಲ್ಲವೇನೋ."

ಇದನ್ನೇ ನಾನು ಕಾಯುತ್ತಿದ್ದದ್ದು. ಅವಳು ಮತ್ತೆ ತಂದಿದ್ದ ಕಿಪಾಂಡೆಯ ಕಾಗದ ಬಿಡಿಸಿ ಒಲಾಂಗೊ ಅನ್ನುವ ಹೆಸರಿನ ಎದುರಿಗೆ ಯಜಮಾನರ ಸಹಿಯ ಜಾಗ ತೋರಿಸಿದೆ. ಡಬ್ಲ್ಯು. ಪೆಂಡ್ರಿ. ಡಬ್ಲ್ಯು ಅಂದರೆ ವಿನಿಫ್ರೆಡ್, ಅವಳ ಅಜ್ಜಿ. ಅಜ್ಜಿಯದೇ ಕೈಬರಹ. ಕೆಲಸ ಬಿಟ್ಟ ದಿನಾಂಕದ ಜಾಗ ಖಾಲಿ. ಕೊರಳಲ್ಲಿ ಇರಬೇಕಾದ ಡಬ್ಬಿ ಅಜ್ಜಿಯ ಪೆಟ್ಟಿಗೆಗೆ ಹೇಗೆ ಬಂತು, ಬಿಚ್ಚಿದ್ದು ಯಾವತ್ತು ಎಂದು ಕೇಳಿದೆ. ನಾನು ಗುರುತು ಮಾಡಿಟ್ಟಿದ್ದ, ಅದೇ ವರ್ಷದ ಇನ್ನೊಂದು ಹಾಳೆ ತೆಗೆದು ಅದನ್ನು ಫಿಲಿಪಾಳ ಕೈಯಲ್ಲೇ ಓದಿಸಿದೆ. ಸ್ವಲ್ಪ ಸ್ವಲ್ಪವೇ ಓದಿದಳು, ನಾನು ಅಮ್ಮನಿಗೆ ಹೇಳುತ್ತ ಹೋದೆ.

'ಜೂನ್ 20. ಅಡುಗೆಮನೆ ಬಾಗಿಲಿಗೆ ಒಬ್ಬ ಕರಿ ಹೆಂಗಸು, ಜೊತೆಗೊಂದು ಹೆಣ್ಣುಕೂಸು. ಒಲಾಂಗೊ ಎಲ್ಲಿ ಎಂದು ಕೇಳಿದಳು. ಆ ಹೆಸರಿನವರು ನಮ್ಮಲ್ಲಿ ಯಾವತ್ತೂ ಇರಲಿಲ್ಲ ಎಂದೆ. ಕೂಸಿನ ಕೈಗೆ ಒಂದಿಷ್ಟು ಸಕ್ಕರೆ ಕೊಟ್ಟು ಕಳಿಸಿದೆ. ಮೊಟ್ಟೆ ಹದಿನಾಲ್ಕು.'

ಆ ಸಕ್ಕರೆಯ ಕಥೆಯನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ಅಮ್ಮನಿಗೆ ಬಾಲ್ಯದ ಒಂದೇ ಸಿಹಿ ನೆನಪು ಅದು. ಅಪ್ಪನನ್ನು ಹುಡುಕಿಕೊಂಡು ರೈಲಲ್ಲಿ ಹೋದದ್ದು, ಅಪ್ಪ ಸಿಗದಿದ್ದದ್ದು, ನೀಲಿ ಬಟ್ಟೆಯ ಬಿಳಿ ಅಮ್ಮ ಒಬ್ಬಳು ಕಾಗದದ ಪೊಟ್ಟಣದಲ್ಲಿ ಸಕ್ಕರೆ ಕೊಟ್ಟದ್ದು. ನಮಗೆ ಸಕ್ಕರೆ ಹಾಕಿ ಚಹಾ ಕೊಡುವಾಗಲೆಲ್ಲ ಹೇಳುತ್ತಿದ್ದಳು.

ಅಮ್ಮ ಅಳಲಿಲ್ಲ. ನಾಲಗೆಯನ್ನು ಸೆರಗಿನಿಂದ ಒರೆಸಿಕೊಂಡಳು, ಒಂದು ಸಲ, ಮತ್ತೊಂದು ಸಲ.

"ದಾರಿಯುದ್ದಕ್ಕೂ ನೆಕ್ಕಿದ್ದೆ," ಅಂದಳು. "ಒಳ್ಳೆ ತಾಯಿ ಅಂದ್ಕೊಂಡಿದ್ದೆ ಎಪ್ಪತ್ತು ವರ್ಷ. ಅಪ್ಪ ಆ ಹಾಲಿನ ಕೋಣೆ ಗೋಡೆ ಹಿಂದೆ ಇದ್ದ. ಹೇಳು ಅವಳಿಗೆ, ಅಕೇಯೊ. ಹೇಳು, ನಮ್ಮಪ್ಪ ಆ ಗೋಡೆ ಹಿಂದೇನೇ ಇದ್ದ ಅಂತ."

ಹೇಳಿದೆ. ಫಿಲಿಪಾ ಅತ್ತಳು. ಪುಸ್ತಕದಲ್ಲಿ ಒಂದು ಟಿಪ್ಪಣಿ ಸೇರಿಸುತ್ತೇನೆ ಅಂದಳು. ಟಿಪ್ಪಣಿ. ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ. ಒಬುರಾ ಮಾವ ಎದ್ದು ಅವಳ ಮುಂದೆ ಕೈ ಚಾಚಿದ.

"ಆ ಡಬ್ಬಿ ಇಲ್ಲಿ ಕೊಡಕ್ಕೆ ಹೇಳು."

ಅದನ್ನು ಇಂಗ್ಲೆಂಡಿನ ಒಂದು ಗ್ರಂಥಾಲಯಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದಾಳಂತೆ, ಅಮೂಲ್ಯ ವಸ್ತುವಂತೆ. ಮಾವ ಬೈಯಲಿಲ್ಲ, ಕೈಯನ್ನು ಹಿಂದಕ್ಕೂ ತೆಗೆಯಲಿಲ್ಲ. ಕೊನೆಗೆ ಅವಳು ಡಬ್ಬಿಯನ್ನು ಆ ಕೈಯಲ್ಲಿಟ್ಟು ಕಾರು ಹತ್ತಿದಳು. ಕಟ್ಟು ಹಾಕಿದ ಫೋಟೋವನ್ನು ನಾನೇ ಓಡಿಹೋಗಿ ಕಿಟಕಿಯೊಳಗೆ ತುರುಕಿದೆ. ಆ ಕುಳ್ಳನಿಗೂ ಎಲ್ಲೋ ಒಂದು ಹೆಸರಿದೆ, ಅವನ ಮನೆಯವರನ್ನೂ ಹುಡುಕಲಿ.

ಅಜ್ಜನ ಮೂಳೆಯಾದರೂ ಸಿಕ್ಕೀತೇನೋ ಎಂದು ಮಾವನೂ ನಾನೂ ಮೊಲೊಗೆ ಹೋಗಿ ಬಂದೆವು. ಪೆಂಡ್ರಿಯ ಜಮೀನು ಈಗ ನಮ್ಮವರೇ ಆದ ಯಾರೋ ದೊಡ್ಡವರದು. ಬೇಲಿಯಾಚೆ ಹಾಲಿನ ಕೋಣೆ ಇದ್ದಿರಬೇಕಾದ ಕಡೆ ಪ್ಲಾಸ್ಟಿಕ್ಕಿನ ಉದ್ದುದ್ದ ಮನೆಗಳು, ಒಳಗೆ ವಿಲಾಯತಿಗೆ ಕಳಿಸುವ ಗುಲಾಬಿ. ಎಪ್ಪತ್ತು ವರ್ಷವಾದರೂ ಗುಲಾಬಿ. ಕಾವಲಿನವನು ಗೇಟಿನಲ್ಲಿ ಹೆಸರು ಬರೆಸಿಕೊಂಡು, "ಒಲಾಂಗೊ ಅನ್ನೋರು ಯಾರೂ ಇಲ್ಲಿಲ್ಲ," ಅಂದ. ಮಾವ ಅವನ ಕಪಾಳಕ್ಕೆ ಬಿಟ್ಟೇಬಿಡುತ್ತಿದ್ದ, ನಾನು ತೋಳು ಹಿಡಿದು ಎಳೆದುಕೊಂಡು ಬಂದೆ.

ಹೆಣ ಸಿಗದವರಿಗೆ ನಮ್ಮಲ್ಲಿ ಯಾಗೊ ಮರದ ಹಣ್ಣನ್ನು ಹೂಳುತ್ತಾರೆ. ತೋಳಿನಷ್ಟು ದಪ್ಪದ ಉದ್ದನೆಯ ಹಣ್ಣು, ಅದೇ ಅವನ ಮೈ. ಹಣ್ಣನ್ನು ಒಬುರಾ ಮಾವನೇ ಆರಿಸಿ ಕಿತ್ತು ತಂದ. ಉಗುಳುತ್ತಿದ್ದ ಅದೇ ಬಾಯಲ್ಲಿ ದೊಡ್ಡಪ್ಪ, ದೊಡ್ಡಪ್ಪ ಎಂದು ಕರೆಯುತ್ತ, ಬೆಳಿಗ್ಗೆಯಿಂದ ತಾನೇ ಗುಂಡಿ ತೋಡಿದ. ಕಿಪಾಂಡೆಯನ್ನು ಜೊತೆಗಿಡೋಣವೇ ಎಂದು ಕೇಳಿದ.

"ಬೇಡ," ಅಂದಳು ಅಮ್ಮ. "ಅದು ಇನ್ನೊಂದ್ಸಲ ಅವನ ಕೊರಳಿಗೆ ಬೇಡ."

ನಾನು ಒಂದು ಕಾಂಜು ಹೊಲಿದಿದ್ದೆ. ಹೆಗಲಿಂದ ಅಂಚಿಗೆ ಅರುವತ್ತು ಇಂಚು, ಎರಡು ಸಲ ಅಳೆದು. ಹಣ್ಣನ್ನು ಅದರಲ್ಲಿ ಮಲಗಿಸಿದೆವು. ಹಣ್ಣಿನ ಉದ್ದ ಎರಡು ಅಡಿ, ಗುಂಡಿಯನ್ನೂ ಮಾವ ಅಷ್ಟಕ್ಕೇ ತೋಡಿದ್ದ. ಬಟ್ಟೆ ದಡದ ಮೇಲೆ ಚೆಲ್ಲಿ ಬಿತ್ತು.

"ಉಳಿದಿದ್ದನ್ನ ಕತ್ತರಿಸ್ಬಿಡು," ಅಂದ ಮಾವ.

ಕತ್ತರಿ ನನ್ನ ಸೊಂಟದಲ್ಲೇ ಇತ್ತು.

"ಇವನ ಬಟ್ಟೆಗೆ ಇನ್ನು ಯಾರೂ ಕತ್ತರಿ ಹಾಕೋದು ಬೇಡ ಮಾವ," ಅಂದೆ. "ಗುಂಡಿ ಉದ್ದ ಮಾಡು."

ಮಾವ ತನ್ನ ಅಂಗಿ ಬಿಚ್ಚಿ ಪಕ್ಕಕ್ಕಿಟ್ಟು, ಗುದ್ದಲಿ ತೆಗೆದುಕೊಂಡು ಮತ್ತೆ ಕೆಳಗಿಳಿದ.