ಕೊಟ್ಟಿಗೆಯ ಕರೆಗಂಟೆ

ನಾನು ಕಟ್ಟಿದ ಗಂಟೆ ಕೆಡುವುದಿಲ್ಲ ಎಂದು ನನಗೆ ಬಹಳ ಜಂಬವಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಆ ಜಂಬವೇ ಕಾರಣ. ಮೂವತ್ತೇಳನೆಯ ಇಸವಿ. ನಾನು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ವಾಯರ್‌ಮನ್. ಮನೆ ಕುಲಗೋಡದಲ್ಲಿ. ಶನಿವಾರ ಸಂಜೆ ಮೋಟಾರು ಹಿಡಿದು ಬರುತ್ತಿದ್ದೆ, ಸೋಮವಾರ ಬೆಳಗಾಗುತ್ತಲೇ ಹೋಗುತ್ತಿದ್ದೆ. ವಾಯರ್‌ಮನ್ ಶೆಟ್ಟೆಪ್ಪ ಎಂದರೆ ಊರಲ್ಲಿ ಎಲ್ಲರಿಗೂ ಗೊತ್ತು. ಊರಲ್ಲಿ ಒಂದು ಮೊಳ ವಾಯರೂ ಇರಲಿಲ್ಲ, ಅದು ಬೇರೆ ಮಾತು.

ಆ ವರ್ಷ ಯುಗಾದಿಗೆ ಮುಂಚೆ ನಮ್ಮ ಅವ್ವ ಬಾಳವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ಓಣಿಯ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಬೈಯುತ್ತಿದ್ದ ಹೆಂಗಸು ಒಳಕೋಣೆಯ ಹೊರಸಿನ ಮೇಲೆ ಮಲಗಿ, ಏನು ಬೇಕಾದರೂ ಎಡಗೈಯಿಂದ ತಂಬಿಗೆಯನ್ನು ಗೋಡೆಗೆ ಬಡಿಯಬೇಕಾಯಿತು. ನನ್ನ ಹೆಂಡತಿ ಕಾಶೆವ್ವನಿಗೆ ಹಿತ್ತಲಾಚೆಯ ಕೊಟ್ಟಿಗೆಯಲ್ಲಿ ಎರಡು ಎಮ್ಮೆಗಳ ಚಾಕರಿ. ತಂಬಿಗೆಯ ಸಪ್ಪಳ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವಳು ಒಂದು ಹೆಡಿಗೆ ಸಗಣಿ ಬಳಿದು ಹಾಕುವಷ್ಟರಲ್ಲಿ ನಾಲ್ಕು ಸಲ ಒಳಗೆ ಓಡಿಬಂದು ನೋಡಿ ಹೋಗುತ್ತಿದ್ದಳು.

ಫಾಲ್ಸಿನಲ್ಲಿ ಸುರುಳಿ ಸುಟ್ಟುಹೋಗಿ ಮೂಲೆಗೆ ಬಿದ್ದಿದ್ದ ಒಂದು ಕರೆಗಂಟೆ ನನ್ನ ಕಣ್ಣಿಗೆ ಬಿತ್ತು. ಫೋರ್‌ಮನ್ನನ್ನು ಕೇಳಿ ತಂದೆ. ಹೊಸ ತಂತಿ ಸುತ್ತಿದೆ. ಬ್ಯಾಟರಿಗೆ ಎರಡು ಗಾಜಿನ ಭರಣಿ, ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಸಿಗುವ ನವಸಾಗರ, ಸತುವಿನ ಕಡ್ಡಿ, ಇದ್ದಿಲಿನ ಪಟ್ಟಿ. ಗುಂಡಿಯನ್ನು ಅವ್ವನ ಎಡಗೈಗೆ ಎಟುಕುವಂತೆ ಹೊರಸಿನ ಪಟ್ಟಿಗೆ ಹೊಡೆದೆ. ಗಂಟೆಯನ್ನು ಕೊಟ್ಟಿಗೆಯ ಬಾಗಿಲ ಕಂಬಕ್ಕೆ ಕೂಡಿಸಿದೆ. ನಡುವೆ ಅರವತ್ತು ಅಡಿ ತಂತಿ.

ಕೆಲಸ ಮುಗಿದ ಮೇಲೆ ಕಾಶೆವ್ವನನ್ನು ಕರೆದು, ಮುಚ್ಚಳ ತೆಗೆದು ತೋರಿಸಿದೆ. ಅವಳು ಕೇಳಿರಲಿಲ್ಲ. ನನಗೇ ತೋರಿಸುವ ಚಪಲ.

"ಇಲ್ಲಿ ನೋಡು. ಇವು ಎರಡು ಮೆತ್ತಗಿನ ಕಬ್ಬಿಣದ ಕಡ್ಡಿ. ಮ್ಯಾಲ ತಂತಿ ಸುತ್ತೇನಿ. ಅವ್ವ ಗುಂಡಿ ಒತ್ತಿದ್ಲಂದ್ರ ತಂತ್ಯಾಗ ಕರೆಂಟ್ ಬರ್ತೈತಿ, ಕಡ್ಡಿ ಸೂಜಿಗಲ್ಲ ಆಗತೈತಿ. ಆಗಿ ಈ ಪಟ್ಟೀನ ಜಗ್ಗತೈತಿ. ಪಟ್ಟಿಗೆ ಸುತ್ತಗಿ ಐತಿ, ಅದು ಬಟ್ಟಲಕ್ಕ ಬಡೀತೈತಿ."

"ಒಮ್ಮೆ ಬಡದ ಸುಮ್ಮನಾಗಬೇಕಲ್ರಿ ಮತ್ತ. ಹಿಡಕೊಂಡ ಕುಂತಿರ್ತೈತಿ."

ಆ ಪ್ರಶ್ನೆ ಸರಿಯಾಗಿತ್ತು. ನಮ್ಮ ಗಿರಣಿಯಲ್ಲಿ ಎರಡು ವರ್ಷ ಕೆಲಸ ಕಲಿತವರೂ ಅದನ್ನು ಕೇಳಿರಲಿಲ್ಲ. ಪಟ್ಟಿಯ ಬೆನ್ನಿಗೆ ಇರುವ ತಿರುಪುಮೊಳೆಯನ್ನು ತೋರಿಸಿದೆ. ಕರೆಂಟು ಹರಿಯುವುದು ಆ ಮೊಳೆಯ ತುದಿ ಪಟ್ಟಿಗೆ ತಾಗಿದ್ದರೆ ಮಾತ್ರ. ಸೂಜಿಗಲ್ಲು ಪಟ್ಟಿಯನ್ನು ಜಗ್ಗಿದ ಕೂಡಲೇ ಪಟ್ಟಿ ಮೊಳೆಯನ್ನು ಬಿಡುತ್ತದೆ, ಕರೆಂಟು ನಿಲ್ಲುತ್ತದೆ, ಸೂಜಿಗಲ್ಲು ಬರೀ ಕಬ್ಬಿಣವಾಗುತ್ತದೆ. ಪಟ್ಟಿ ಸ್ಪ್ರಿಂಗಿನ ಜೋರಿಗೆ ಹಿಂದಕ್ಕೆ ಬಂದು ಮತ್ತೆ ಮೊಳೆಗೆ ತಾಗುತ್ತದೆ, ಮತ್ತೆ ಕರೆಂಟು, ಮತ್ತೆ ಬಡಿತ. ಗುಂಡಿ ಬಿಡುವ ತನಕ ಇದೇ ಆಟ.

ಕಾಶೆವ್ವ ಬಗ್ಗಿ ಆ ಮೊಳೆಯ ತುದಿಯನ್ನು ಬಹಳ ಹೊತ್ತು ನೋಡಿದಳು. "ಈ ತುದಿಗೆ ಧೂಳ ಕುಂತ್ರ ಏನ್ ಮಾಡೂದ್ರಿ?"

"ಮುಚ್ಚಳಾ ಯಾಕ ಐತಿ? ನೀ ಹೋಗಿ ರೊಟ್ಟಿ ಬಡಿ," ಎಂದೆ. ಅವಳು ಹೋಗಿ ರೊಟ್ಟಿ ಬಡಿದಳು.

ಗಂಟೆ ಆರು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಒಂದು ಸಲ ಒತ್ತಿದರೆ ನೀರು, ಎರಡು ಸಲ ಒತ್ತಿದರೆ ಹೊರಕಡೆ, ಬಿಡದೆ ಒತ್ತಿದರೆ ಕೂಡಲೇ ಬಾ ಎಂದು ಗೊತ್ತುಮಾಡಿದ್ದೆವು. ಅವ್ವನ ಮುಖದಲ್ಲಿ ಮೊದಲಿನ ಗತ್ತು ತಿರುಗಿ ಬಂತು. ಬಾಜೂ ಮನೆಯ ಫಕೀರವ್ವ, "ಬಾಳವ್ವನ ಬಾಯಿ ಹೋತಂತ ಓಣಿಯವ್ರು ಉಸರ ಬಿಟ್ಟಿದ್ವಿ. ಮಗಾ ಫಾಲ್ಸಿಲಿಂದ ಮತ್ತೊಂದ ಬಾಯಿ ತಂದ ಕೊಟ್ಟಾನ," ಎಂದು ಅವಳೆದುರಿಗೇ ಹೇಳಿದಳು. ಅವ್ವ ಮುಖದ ಒಂದೇ ಬದಿಯಿಂದ ನಕ್ಕಳು. ನಾನಂತೂ ಉಬ್ಬಿಹೋದೆ.

ಮಹಾನವಮಿ ಬಂತು. ಖಂಡೆ ಪೂಜೆಯ ದಿನ ಗಿರಣಿಯಲ್ಲಿ ನಾವು ಯಂತ್ರದ ಹೊರಮೈಗೆ ಮಾತ್ರ ವಿಭೂತಿ ಹಚ್ಚುವುದು. ಒಳಗೆ ಕೈ ಹಾಕಲು ಫೋರ್‌ಮನ್ ಬಿಡುತ್ತಿರಲಿಲ್ಲ. ಮನೆಯಲ್ಲಿ ನನಗೆ ಬೇಡ ಎನ್ನುವವರು ಯಾರು? ಕುಡುಗೋಲು, ಕುಂಟೆ, ನನ್ನ ಇಕ್ಕಳ ಎಲ್ಲಕ್ಕೂ ಪೂಜೆಯಾದ ಮೇಲೆ ಗಂಟೆಯ ಮುಂದೆ ನಿಂತೆ. ಮುಚ್ಚಳದ ಮೇಲೆ ವಿಭೂತಿ ಹಚ್ಚುವುದೆಂದರೆ ಮನುಷ್ಯನ ಹಣೆ ಬಿಟ್ಟು ಅಂಗಿಗೆ ಹಚ್ಚಿದಂತೆ ಎನಿಸಿತು. ಮುಚ್ಚಳ ಬಿಚ್ಚಿದೆ. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಆ ಎರಡು ಸುರುಳಿಗಳ ಮೇಲೆ ಮೂರು ಬೆರಳಿಂದ ದಪ್ಪಗೆ ಎಳೆದೆ. ನಡುವೆ ಕುಂಕುಮ, ಮೇಲೊಂದು ಪತ್ರಿ. ಅವ್ವನಿಗೆ ಒತ್ತು ಎಂದೆ, ಒತ್ತಿದಳು, ಗಂಟೆ ಜೋರಾಗಿ ಬಡಿಯಿತು. ಪತ್ರಿ ತೆಗೆದು, ಮುಚ್ಚಳ ಹಾಕಿ, ಕೈ ಮುಗಿದೆ. ಮರುದಿನ ಓಣಿಯವರಿಗೆಲ್ಲ ಬನ್ನಿ ಕೊಟ್ಟು ಗಿರಣಿಗೆ ಹೋದೆ.

ಮುಂದಿನ ಶನಿವಾರ ನಾನು ಬಂದಾಗ ಫಕೀರವ್ವ ಬಾಗಿಲಲ್ಲೇ ನಿಲ್ಲಿಸಿದಳು. ಬುಧವಾರ ಮಧ್ಯಾಹ್ನ ಅವ್ವ ಹೊರಸಿನಿಂದ ಜಾರಿ ಬಿದ್ದಿದ್ದಳಂತೆ. ಮೈ ಅರ್ಧ ನೆಲದ ಮೇಲೆ, ಕೈ ಮಾತ್ರ ಗುಂಡಿಯ ಮೇಲೆ. ಮಜ್ಜಿಗೆ ಕೇಳಲು ಬಂದ ಫಕೀರವ್ವನೇ ನೋಡಿ ಕೂಗಿದ ಮೇಲೆ ಕಾಶೆವ್ವ ಕೊಟ್ಟಿಗೆಯಿಂದ ಓಡಿ ಬಂದಳಂತೆ. "ಎಷ್ಟೊತ್ತ ಬಿದ್ದಿದ್ಲೋ ಯಪ್ಪಾ, ಬಟ್ಟಿ ಎಲ್ಲಾ ತೊಯ್ದಿದ್ದವು," ಎಂದಳು.

ನಾನು ಚೀಲ ಇಳಿಸಲಿಲ್ಲ, ನೀರು ಕುಡಿಯಲಿಲ್ಲ. ಒಳಗೆ ಹೋಗಿ ಗುಂಡಿ ಒತ್ತಿದೆ. ಗಂಟೆ ಹೊಡೆಯಿತು. ಮೂರು ಸಲ ಒತ್ತಿದೆ, ಮೂರು ಸಲವೂ ಹೊಡೆಯಿತು. ಕಾಶೆವ್ವ ಕೊಟ್ಟಿಗೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದು ನನ್ನನ್ನು ನೋಡಿ ನಿಂತಳು.

"ಬುಧವಾರ ಗಂಟಿ ಕೇಳಲಿಲ್ಲೇನು?"

"ಹೊಡೀಲಿಲ್ಲರಿ."

"ಈಗ ಹೆಂಗ ಹೊಡೀತು?"

"ಗೊತ್ತಿಲ್ಲರಿ. ಒಮ್ಮೊಮ್ಮೆ ಹೊಡೀತೈತಿ, ಒಮ್ಮೊಮ್ಮೆ ಇಲ್ಲ. ಮೂರ ದಿನದಿಂದ ನಾನ ಹೊಳ್ಳಿ ಹೊಳ್ಳಿ ಬಂದು ನೋಡಿ ಹೋಗಾಕತ್ತೇನಿ."

"ಮನಸ ಬಂದ್ರ ಹೊಡಿಯಾಕ, ಬ್ಯಾಡಾದ್ರ ಸುಮ್ಮ ಕುಂಡ್ರಾಕ ಅದೇನ ಮನಿಶ್ಯಾನ?"

ನಾನು ಅವ್ವನ ಕಡೆ ತಿರುಗಿ, "ನೀ ಒತ್ತಿದ್ಯಾ?" ಎಂದೆ. ಅವ್ವ ಕಣ್ಣು ಮುಚ್ಚಿ ತೆರೆದಳು, ಹೌದು ಎಂದು. ಆಮೇಲೆ ಎಡಗೈಯನ್ನು ಕಾಶೆವ್ವನ ಕಡೆ ಚಾಚಿ ಅಳತೊಡಗಿದಳು. ಸೊಸೆಯ ಮೇಲೆ ದೂರು ಹೇಳುತ್ತಿದ್ದಾಳೆ ಎಂದು ನಾನು ತಿಳಿದೆ. ಬೇರೆ ಏನಾದರೂ ಇರಬಹುದೇ ಎಂದು ಇನ್ನೊಂದು ಪ್ರಶ್ನೆ ಕೇಳುವ ತಾಳ್ಮೆ ನನಗಿರಲಿಲ್ಲ.

ಗಿರಣಿಯಲ್ಲಿ ಇಂಥ ದೂರು ವಾರಕ್ಕೊಂದು ಬರುತ್ತದೆ. ನಿನ್ನೆ ಕೆಟ್ಟಿತ್ತು ಎನ್ನುತ್ತಾರೆ, ಇವತ್ತು ಹೋಗಿ ನೋಡಿದರೆ ಸರಿ ಇರುತ್ತದೆ. ಅಲ್ಲಿ ನಾನು ಮುಚ್ಚಳ ಬಿಚ್ಚಿ ನೋಡದೆ ತಿರುಗಿ ಬಂದವನಲ್ಲ. ಮನೆಯಲ್ಲಿ ಬಿಚ್ಚಲಿಲ್ಲ. ಗಂಟೆ ನಾನು ಕಟ್ಟಿದ್ದು, ಹೆಂಡತಿ ಬೇರೆ ಮನೆಯಿಂದ ಬಂದವಳು. ಸುಳ್ಳು ಯಾರದು ಎಂದು ನಾನು ಅಷ್ಟರಲ್ಲೇ ತೀರ್ಮಾನಿಸಿಬಿಟ್ಟೆ.

"ನೀ ನಾಳೆ ನಿಡಸೋಸಿಗೆ ಹೋಗು," ಎಂದೆ. ಅದು ಅವಳ ತವರು. "ಅವ್ವನ್ನ ನೋಡಾಕ ಹುಕ್ಕೇರಿಯಿಂದ ಅಕ್ಕನ್ನ ಕರಸ್ತೇನಿ. ನಾ ಹೇಳಿ ಕಳಿಸೂಮಟಾ ಬರಬ್ಯಾಡ."

ಮದುವೆಯಾಗಿ ಒಂಬತ್ತು ವರ್ಷ. ಅವಳನ್ನು ತವರಿಗೆ ಹೋಗು ಎಂದು ನಾನು ಒಮ್ಮೆಯೂ ಅಂದಿರಲಿಲ್ಲ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. "ಗಂಟಿ ಹೊಡೀಲಿಲ್ಲರಿ," ಎಂದು ಇನ್ನೊಮ್ಮೆ ಹೇಳಿ ಎಮ್ಮೆ ಹಿಂಡಲು ಹೋದಳು.

ಭಾನುವಾರ ಬೆಳಿಗ್ಗೆ ಊರ ಕರೆಪ್ಪ ಚಕ್ಕಡಿ ತಂದು ಕೊಟ್ಟಿಗೆಯ ಮುಂದೆ ನಿಲ್ಲಿಸಿದ. ಭಾನುವಾರ ನಮ್ಮೂರಿಗೆ ಮೋಟಾರು ಇಲ್ಲ, ಗೋಕಾಕದ ತನಕ ಚಕ್ಕಡಿ, ಅಲ್ಲಿಂದ ಮೋಟಾರು. ಕಾಶೆವ್ವ ಅವ್ವನ ಮೈ ಒರೆಸಿ, ಸೀರೆ ಬದಲಿಸಿ, ಅಂಬಲಿ ಕುಡಿಸಿದಳು. ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಸೀರೆಗಳ ಗಂಟನ್ನು ಹಿಡಿದು ಹಿತ್ತಲ ಬಾಗಿಲಿಂದ ಬಂದು ಚಕ್ಕಡಿಯಲ್ಲಿ ಕೂತಳು. ನಾನು ಗಂಟೆಯ ಕಂಬಕ್ಕೆ ಒರಗಿಕೊಂಡೇ ನಿಂತಿದ್ದೆ. ಕರೆಪ್ಪ ಗಾಲಿಯ ಕೀಲಿಗೆ ಎಣ್ಣೆ ಹಾಕುವುದು ತಡವಾಯಿತು. ಅಷ್ಟು ಹೊತ್ತೂ ನನ್ನ ಕಿವಿ ಗಂಟೆಯಿಂದ ಒಂದು ಗೇಣು ದೂರದಲ್ಲಿತ್ತು, ಗಂಟೆಯಿಂದ ಸಪ್ಪಳವೇ ಇಲ್ಲ. ಅವ್ವನಿಗೂ ಇದು ಒಪ್ಪಿಗೆಯೇ ಎಂದುಕೊಂಡೆ.

ದಾರಿಯ ಬುತ್ತಿಯನ್ನು ಕಾಶೆವ್ವ ಒಳಗೇ ಬಿಟ್ಟಿದ್ದಳು. ತರಲು ಹೋದೆ. ಒಳಕೋಣೆಯ ಬಾಗಿಲು ದಾಟುವಾಗ ಅವ್ವನನ್ನು ನೋಡಿದೆ.

ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಮೈಯೆಲ್ಲ ಎಡಕ್ಕೆ ವಾಲಿಸಿ, ಇದ್ದಬದ್ದ ಬಲವನ್ನೆಲ್ಲ ಆ ಬೆರಳಿಗೆ ಹಾಕಿದ್ದಳು. ಉಗುರು ಬೆಳ್ಳಗಾಗಿತ್ತು. ಹಣೆಯಲ್ಲಿ ಬೆವರು. ಯಾವಾಗಿನಿಂದ ಒತ್ತಿ ಹಿಡಿದಿದ್ದಳೋ. ನನ್ನನ್ನು ನೋಡಿದರೂ ಬೆರಳು ತೆಗೆಯಲಿಲ್ಲ. ಬಿಡದೆ ಒತ್ತಿದರೆ ಕೂಡಲೇ ಬಾ ಎಂದು ನಾನೇ ಅವಳಿಗೆ ಕಲಿಸಿದ್ದೆ.

ನಾನು ಗಂಟೆಯ ಕೆಳಗೇ ನಿಂತಿದ್ದವನು. ನನಗೆ ಕೇಳಿರಲಿಲ್ಲ.

ಹೊರಗೆ ಬಂದು ಮುಚ್ಚಳ ಬಿಚ್ಚಿದೆ. ಒಳಗೆ ಸುರುಳಿಗಳ ಮೇಲೆ ಮೂರು ಬೆರಳಿನ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು. ಗಂಟೆ ಬಡಿದಾಗೆಲ್ಲ ಅದುರಿ, ಚಕ್ಕೆ ಎದ್ದು, ಪುಡಿಯಾಗಿ ಕೆಳಗೆ ಉದುರಿತ್ತು. ಕೆಳಗಿದ್ದದ್ದು ಮೊಳೆಯ ತುದಿ. ಪುಡಿ ತುದಿಗೂ ಪಟ್ಟಿಗೂ ನಡುವೆ ಸೇರಿದಾಗ ಗಂಟೆ ಹೊಡೆಯುವುದಿಲ್ಲ, ಸರಿದುಕೊಂಡಾಗ ಹೊಡೆಯುತ್ತದೆ. ಕಾಶೆವ್ವ ಹೇಳಿದ್ದೂ ಅದನ್ನೇ. ಆ ಮೂರು ಬೆರಳು ನನ್ನವು.

ನಾಚಿಕೆ ಎಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಚಕ್ಕಡಿಯ ಕಡೆ ಮುಖ ತಿರುಗಿಸಲಾಗಲಿಲ್ಲ. ಉಫ್ ಎಂದು ಊದಿ, ಕಿಸೆಯಲ್ಲಿದ್ದ ಮೋಟಾರು ಟಿಕೀಟನ್ನು ಮಡಚಿ ಮೊಳೆಯ ತುದಿಯ ಸಂದಿಗೆ ತೂರಿಸಿ ಒಮ್ಮೆ ಎಳೆದೆ. ಟಿಕೀಟು ಹೊರಗೆ ಬಂದದ್ದೇ ತಡ, ಗಂಟೆ ನನ್ನ ಕೈಯಡಿಯಲ್ಲೇ ಹೊಡೆಯಲು ಶುರುಮಾಡಿತು. ಅವ್ವ ಇನ್ನೂ ಬೆರಳು ತೆಗೆದಿರಲಿಲ್ಲ.

ಇಳಿದು ಬಾ ಎಂದು ನಾನು ಹೇಳಬೇಕಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಕಾಶೆವ್ವ ಗಂಟನ್ನು ಅಲ್ಲೇ ಬಿಟ್ಟು ಚಕ್ಕಡಿಯಿಂದ ಧುಮುಕಿದ್ದಳು. "ಬಂದ್ನಿ ಅತ್ತಿ," ಎಂದು ಕೂಗುತ್ತ ನನ್ನ ಪಕ್ಕದಲ್ಲೇ ಹಾದು ಒಳಗೆ ಓಡಿದಳು. ನನ್ನನ್ನು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಗಂಟೆ ನಿಂತಿತು.

"ಎತ್ತ ಬಿಚ್ಚಲೇನ ಶೆಟ್ಟೆಪ್ಪಣ್ಣ?" ಎಂದು ಕರೆಪ್ಪ ಕೇಳಿದ.

"ಬಿಚ್ಚಪಾ," ಎಂದೆ.

ಒಳಗೆ ಹೋದಾಗ ಕಾಶೆವ್ವ ಅವ್ವನ ಹೆಬ್ಬೆರಳನ್ನು ತಿಕ್ಕುತ್ತಿದ್ದಳು. ಅವ್ವ ಅವಳ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಹಿಡಿಯಲು ಇನ್ನೊಂದು ಕೈ ಇರಲಿಲ್ಲವಲ್ಲ.

"ಈಬತ್ತಿ ಕುಂತಿತ್ತು," ಎಂದೆ. "ಖಂಡೆ ಪೂಜಿ ದಿನ ನಾನ ಹಚ್ಚಿದ್ನಿ. ತಪ್ಪ ನಂದು."

ಅವಳು ಬೆರಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಧೂಳ ಕುಂತ್ರ ಏನ್ ಮಾಡೂದಂತ ನಾ ಕೇಳಿದ್ನೆಲ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಕರೆಪ್ಪ ತಂದುಕೊಟ್ಟ ಸೀರೆಗಳ ಗಂಟನ್ನು ಅವಳು ಬಿಚ್ಚಲಿಲ್ಲ. ನಡುಮನೆಯ ಗೂಟಕ್ಕೆ ಹಾಗೇ ತೂಗುಹಾಕಿದಳು. ಮುಂದಿನ ಶನಿವಾರ ಬಂದಾಗಲೂ ಅದು ಅಲ್ಲೇ ಇತ್ತು, ಅದರ ಮುಂದಿನ ಶನಿವಾರವೂ ಇತ್ತು. ರೊಟ್ಟಿ ಹಾಕುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಬಿಚ್ಚು ಎಂದು ಹೇಳಲು ನನಗೆ ಯಾವ ಮುಖವಿತ್ತು? ಊಟಕ್ಕೆ ಕೂತರೆ ಗಂಟು ಎದುರಿಗೇ ಕಾಣುತ್ತಿತ್ತು, ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ದೀಪಾವಳಿಗೆ ಬಂದಾಗ ಗೂಟ ಬರಿದಾಗಿತ್ತು, ಗಂಟಿನ ಸೀರೆಗಳು ಹಿತ್ತಲ ಹಗ್ಗದ ಮೇಲೆ ಒಣಗುತ್ತಿದ್ದವು. ಕೊಟ್ಟಿಗೆಗೆ ಹೋಗಿ ಗಂಟೆಯ ಮುಚ್ಚಳ ಬಿಚ್ಚಿ ನೋಡಿದೆ. ಮೊಳೆಯ ತುದಿ ಫಳಫಳ ಹೊಳೆಯುತ್ತಿತ್ತು. ಅವಳು ಆಗಲೇ ಒರೆಸಿಟ್ಟಿದ್ದಳು.