ಹೊಡೆದವರ ಫೋಲ್ಡರ್

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು ಇಕ್ಕಳ. ವಾಷಿಂಗ್ ಮೆಷಿನ್ ರಿಪೇರಿ ಅವನ ಕಸುಬು. ಹಗಲೆಲ್ಲ ಯಾರದೋ ಬಚ್ಚಲುಮನೆಯಲ್ಲಿ ಮಂಡಿಯೂರಿ ಕೂತು ಬೆಲ್ಟು, ಬೇರಿಂಗು, ಪಂಪು ಬಿಚ್ಚಿ ಜೋಡಿಸುವುದು. ಸಂಜೆ ಮನೆಗೆ ಬಂದು, ಕೈ ತೊಳೆದು, ಕಂಪ್ಯೂಟರಿನ ಮುಂದೆ ಕೂತನೆಂದರೆ ಮುಗಿಯಿತು, ಅವನೇ ದಂಡನಾಯಕ. ಹಾಳುಬಿದ್ದ ಊರೊಂದರಲ್ಲಿ ಎರಡು ತಂಡಗಳು ಒಂದು ಬಾವುಟಕ್ಕಾಗಿ ಗುಂಡು ಹಾರಿಸಿಕೊಂಡು ಬಡಿದಾಡುವ ಆಟ ಅದು. ಅದರಲ್ಲಿ ಅವನು ಬಿದ್ದರೆ ತಪ್ಪು ಅವನದಲ್ಲ. ಇಂಟರ್ನೆಟ್ಟು ನಿಧಾನ, ಮೌಸು ಸವೆದಿದೆ, ಎದುರಿನವನು ಮೋಸಗಾರ. ಒಟ್ಟಿನಲ್ಲಿ ಕುಣಿಯಲಾರದವಳಿಗೆ ನೆಲ ಡೊಂಕು.

ತಂಡದಲ್ಲಿ ನಾಲ್ಕು ಜನ. ಒಬ್ಬರು ಹಲ್ಲಿನ ಡಾಕ್ಟರು. ಇಕ್ಕಳ ಎಂದು ಹೆಸರಿಟ್ಟವರು ಅವರೇ. ದಿನವಿಡೀ ಇಕ್ಕಳ ಹಿಡಿದು ಜನರ ಬಾಯಿಗೆ ಕೈ ಹಾಕುವವರು ಅವರು, ಹೆಸರು ಅಂಟಿದ್ದು ಇವನಿಗೆ. ಇನ್ನೊಬ್ಬರು ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಮಾತು ಕಡಿಮೆ, ಗುರಿ ಜಾಸ್ತಿ. ನಾಲ್ಕನೆಯವಳು ಇಕ್ಕಳನ ಒಡಹುಟ್ಟಿದ ಅಕ್ಕ. ತಂಡಕ್ಕೆಲ್ಲ ಅವಳು ಅಕ್ಕನೇ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ಡಾಕ್ಟರಿಗೂ.

ಅಕ್ಕ ಇರುವುದು ಬೇರೆ ಊರಿನಲ್ಲಿ, ಬೇಕರಿಯೊಂದರಲ್ಲಿ ಹಿಟ್ಟು ನಾದುವ ಕೆಲಸ. ಕೋಳಿ ಕೂಗುವ ಮುಂಚೆ ಏಳಬೇಕಾದವಳು, ಸಂಜೆ ಸ್ವಲ್ಪ ಹೊತ್ತು ಆಡಿ ಬೇಗ ಮಲಗುತ್ತಾಳೆ. ಆಟ ಅವಳಿಗೆ ಬರುವುದಿಲ್ಲ ಎಂದರೆ ಬರುವುದಿಲ್ಲ. ಎಡಕ್ಕೆ ಎಂದರೆ ಬಲಕ್ಕೆ ಓಡುತ್ತಾಳೆ. ಎದುರಿಗೇ ಬಾಗಿಲಿದ್ದರೂ ಹೋಗಿ ಗೋಡೆಗೆ ಗುದ್ದುತ್ತಾಳೆ. ಹೊಗೆಬಾಂಬು ಎಸೆ ಎಂದರೆ ಶತ್ರುಗಳನ್ನು ಬಿಟ್ಟು ನಮ್ಮವರ ಮುಖಕ್ಕೇ ಎಸೆಯುತ್ತಾಳೆ. ಆಟ ಮುಗಿದ ಮೇಲೆ ಯಾರು ಎಷ್ಟು ಜನರನ್ನು ಕೆಡವಿದರು ಎಂದು ಪರದೆಯ ಮೇಲೆ ಬರುತ್ತದಲ್ಲ, ಅಲ್ಲಿ ಅಕ್ಕನ ಮುಂದೆ ಯಾವಾಗಲೂ ದುಂಡನೆಯ ಸೊನ್ನೆ.

ಹಾಗಿದ್ದರೆ ಅವಳು ಆಡುವುದೇಕೆ? ಅಮ್ಮ ತೀರಿಕೊಂಡ ವರ್ಷ ಶುರುವಾದದ್ದು ಇದು. ಆಗ ಅಕ್ಕ ತಮ್ಮನ ನಡುವೆ ಫೋನಿತ್ತು, ಮಾತಿರಲಿಲ್ಲ. ಊಟ ಆಯ್ತಾ ಎಂದು ಇವಳು, ಆಯ್ತು ಎಂದು ಇವನು. ಏನು ಮಾಡ್ಕೊಂಡೆ ಎಂದರೆ ಏನೋ ಒಂದು. ಅಲ್ಲಿಗೆ ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ ಕೂರುವುದು. ಒಂದು ದಿನ ಅಕ್ಕನೇ, ಅದೇನೋ ಆಡ್ತಾ ಇರ್ತೀಯಲ್ಲ, ನನಗೂ ಹಾಕಿಕೊಡು ಎಂದಳು. ಭಾವನ ಹಳೆಯ ಕಂಪ್ಯೂಟರಿಗೆ ಹಾಕಿಕೊಟ್ಟ. ಆಮೇಲೆ ನೋಡಿ, ಕೈಗೆ ಕೆಲಸ ಸಿಕ್ಕಿದ್ದೇ ತಡ ಇಬ್ಬರ ಬಾಯಿಯೂ ಬಿಚ್ಚಿಕೊಂಡಿತು. ಗುಂಡುಗಳು ಹಾರುತ್ತಿರುವಾಗಲೇ ಹೆಡ್‌ಫೋನಿನಲ್ಲಿ ಭಾವನ ಮಂಡಿನೋವು, ಬೇಕರಿಯ ಒಲೆ ಕೈಕೊಟ್ಟದ್ದು, ಅಮ್ಮ ಯಾವುದಕ್ಕೆ ನಗುತ್ತಿದ್ದಳು, ಯಾವುದಕ್ಕೆ ಮುನಿಯುತ್ತಿದ್ದಳು, ಎಲ್ಲ ಬಂದವು. ಯಾರಾದರೂ ಕೇಳಿದರೆ ಇಕ್ಕಳ ಹೇಳುವುದು ಒಂದೇ: ಅಕ್ಕನಿಗೆ ಬೇಜಾರು ಕಳೆಯಲಿ ಅಂತ ನಾನೇ ಕಲಿಸಿದೆ.

ಈ ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ಪ್ರೊಫೈಲ್ ಪುಟವಿದೆ. ಮನೆಯ ಹೊಸ್ತಿಲನ್ನು ಸಿಂಗರಿಸುವ ಹಾಗೆ ಅದನ್ನು ಸಿಂಗರಿಸುವ ಹುಚ್ಚು ಇತ್ತೀಚೆಗೆ ತಂಡಕ್ಕೆ ಹತ್ತಿತ್ತು. ತಾವು ಆಡಿದ ಆಟದ್ದೇ ವಿಡಿಯೊ ತುಣುಕು ತೆಗೆದು, ಕುಣಿಯುವ ಚಿತ್ರ ಮಾಡಿ, ಪುಟದ ನೆತ್ತಿಗೆ ಅಂಟಿಸುವುದು. ಜಿಫ್ ಎನ್ನುತ್ತಾರೆ. ಇಕ್ಕಳನಿಗೆ ಅದು ಸಲೀಸಾಗಿ ಕೈಹತ್ತಿತು. ತುಣುಕನ್ನು ನಾಲ್ಕೈದು ಸೆಕೆಂಡಿಗೆ ಇಳಿಸಬೇಕು. ಫೈಲಿನ ತೂಕ ಹೆಚ್ಚಾದರೆ ಪುಟ ಒಳಗೆ ಬಿಡುವುದಿಲ್ಲ, ಆದ್ದರಿಂದ ಬಣ್ಣ ಕಡಿಮೆ ಮಾಡಬೇಕು. ಎಲ್ಲಕ್ಕಿಂತ ಕಷ್ಟದ್ದು ಬೆಸುಗೆ: ಚಿತ್ರ ಮುಗಿದು ಮತ್ತೆ ಮೊದಲಿನಿಂದ ಶುರುವಾಗುವಾಗ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗಬಾರದು. ಹಗಲೆಲ್ಲ ತಿರುಗುವ ಡ್ರಮ್ಮಿನ ಸದ್ದು ಕೇಳಿಯೇ ಎಲ್ಲಿ ಎಡವುತ್ತಿದೆ ಎಂದು ಹೇಳುವವನಿಗೆ ಇದೇನು ಮಹಾ. ಡಾಕ್ಟರು ಮಹಡಿಯಿಂದ ಹಾರುವುದನ್ನು ಮಾಡಿಕೊಟ್ಟ. ಮೇಷ್ಟ್ರು ದೂರದ ಕಿಟಕಿಗೆ ಗುರಿಯಿಟ್ಟು ಹೊಡೆದದ್ದನ್ನು ಮಾಡಿಕೊಟ್ಟ. ತನ್ನ ಪುಟಕ್ಕೆ, ಬಾವುಟ ಕಿತ್ತುಕೊಳ್ಳುವ ತನ್ನದೇ ಕೈ. ಉಳಿದವಳು ಅಕ್ಕ.

ಅಷ್ಟರಲ್ಲಿ ಒಂದು ಸಂಜೆ ಹೀನಾಯವಾಗಿ ಸೋತರು. ಅಕ್ಕ ಇದ್ದರೆ ನಾವು ಮೂರೂವರೆ ಜನ ಆಡಿದ ಹಾಗೆ ಎಂದು ಡಾಕ್ಟರು ನಕ್ಕರು. ಕೆಟ್ಟ ಮನುಷ್ಯರಲ್ಲ, ನಾಲಿಗೆ ಸ್ವಲ್ಪ ಉದ್ದ. ಮೇಷ್ಟ್ರು ನಕ್ಕರು, ಇಕ್ಕಳನೂ ನಕ್ಕ. ಅಕ್ಕನೂ ನಕ್ಕಳು, ಬೆಳಗ್ಗೆ ಬೇಗ ಏಳಬೇಕೆಂದು ಹೇಳಿ ಹೊರಟುಹೋದಳು.

ಮರುದಿನ ಇವನು ಫೋನು ಮಾಡಿ, ನಿನ್ನ ಪುಟಕ್ಕೆ ಯಾವ ಚಿತ್ರ ಹಾಕೋಣ ಎಂದು ಕೇಳಿದ.

“ನನ್ನದೇನಿದೆಯೋ ಹಾಕೋಕೆ? ಗೋಡೆಗೆ ಗುದ್ದೋದಾ?” ಎಂದಳು ಅಕ್ಕ. ಆಮೇಲೆ ಮೆತ್ತಗೆ, “ನೋಡು, ಈ ಭಾನುವಾರದವರೆಗೆ ಬರ್ತೀನಿ. ಆಮೇಲೆ ಆಡೋಕೆ ಬರೋರನ್ನ ಯಾರನ್ನಾದ್ರೂ ಸೇರಿಸ್ಕೊಳ್ಳಿ. ನನ್ನಿಂದ ನೀವು ಸೋಲೋದು ಬೇಡ. ಮಾತಾಡೋಕೆ ಫೋನ್ ಇದೆಯಲ್ಲ.”

ಫೋನ್! ಮತ್ತೆ ಊಟ ಆಯ್ತಾ, ಆಯ್ತು. ಹೋಗಬೇಡ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಇಕ್ಕಳನಿಗೆ ಹುಟ್ಟಿನಿಂದಲೇ ಇಲ್ಲ. ಸರಿ ಎಂದು ಫೋನಿಟ್ಟು, ಗೋಡೆ ನೋಡುತ್ತ ಕೂತ. ಬಾಯಿಗೆ ಬಾರದ್ದು ಕೈಯಲ್ಲಾದರೂ ಆಗಬಹುದು ಎನ್ನಿಸಿತು. ಅಕ್ಕನದೊಂದು ಭರ್ಜರಿ ಚಿತ್ರ ಮಾಡಿ ತೋರಿಸಿದರೆ, ನೋಡು, ನೀನೂ ಆಡ್ತೀಯ ಎಂದರೆ, ಉಳಿದಾಳು.

ಶನಿವಾರ ತನ್ನ ರಿಪೇರಿ ಅಂಗಡಿಗೆ ರಜೆ ಹಾಕಿ ಹುಡುಕಲು ಕೂತ. ಅಕ್ಕನ ಹತ್ತಿರ ಏನೂ ಇರಲಿಲ್ಲ. ತುಣುಕು ಉಳಿಸುವ ಗುಂಡಿ ಎಲ್ಲಿದೆ ಎನ್ನುವುದೇ ಅವಳಿಗೆ ಗೊತ್ತಿಲ್ಲ. ತನ್ನ ಗೆಲುವುಗಳ ತುಣುಕೆಲ್ಲ ತೆರೆದ. ಡಾಕ್ಟರಿದ್ದಾರೆ, ಮೇಷ್ಟ್ರಿದ್ದಾರೆ, ಅಕ್ಕ ಒಂದರಲ್ಲೂ ಇಲ್ಲ. ಒಂದೇ ಒಂದರಲ್ಲಿ ದೂರದಲ್ಲಿ ಬೆನ್ನು ಕಂಡಿತು, ಎಲ್ಲರೂ ಮುಂದೆ ಓಡುತ್ತಿದ್ದರೆ ಅವಳು ಹಿಂದೆ ಓಡುತ್ತಿದ್ದಳು. ಮಧ್ಯಾಹ್ನವಾಯಿತು, ಬಂದ ದಾರಿಗೆ ಸುಂಕವಿಲ್ಲ ಎಂದು ಎದ್ದುಬಿಡುವುದರಲ್ಲಿದ್ದ. ಉಳಿದಿದ್ದು ಒಂದು ಫೋಲ್ಡರು. ಹೆಸರು, ‘ಹೊಡೆದವರು’.

ಇದು ಅವನ ಚಟ. ಯಾರಾದರೂ ತನ್ನನ್ನು ಕೆಡವಿದರೆ ಸಾಕು, ಗುಂಡಿ ಒತ್ತಿ ಆ ಕ್ಷಣದ ಹಿಂದುಮುಂದಿನದನ್ನೆಲ್ಲ ಇದರೊಳಗೆ ತುಂಬುವುದು. ಮೂರು ವರ್ಷದ ಹಗೆ ಅದರಲ್ಲಿತ್ತು. ಹೊಡೆದವನ ಹೆಸರು ಪರದೆಯ ಮೂಲೆಯಲ್ಲಿ ಕಾಣುವವರೆಗೆ ನೋಡಿ, ಇರಲಿ ಮಗನೇ, ಸಿಗ್ತೀಯಲ್ಲ ಎಂದು ಬೈದು ಮುಚ್ಚುತ್ತಿದ್ದ. ಅದರಾಚೆಗೆ ಒಂದನ್ನೂ ನೋಡಿದವನಲ್ಲ.

ಒಂದನ್ನು ತೆರೆದ. ಹೆಸರು ಕಂಡಿತು, ಬೈಯಲು ಬಾಯಿ ತೆರೆದ, ಫೋನು ಬಡಿದುಕೊಂಡಿತು. ಯಾರೋ ಗಿರಾಕಿ. ಮೆಷಿನ್ನು ಬಟ್ಟೆ ಹಿಂಡುತ್ತ ಹಿಂಡುತ್ತ ಬಚ್ಚಲಿನಿಂದ ನಡೆದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತಿದೆಯಂತೆ, ಏನು ಮಾಡಲಿ ಎಂದು ಗಾಬರಿ. ಆರಿಸಿ, ಕೆಳಗಿನ ಕಾಲುಗಳನ್ನು ತಿರುಗಿಸಿ ಸಮ ಮಾಡಿ ಎಂದು ಇವನು ವಿವರಿಸುತ್ತಿದ್ದಾಗ ತುಣುಕು ಮುಂದೆ ಓಡುತ್ತಲೇ ಇತ್ತು.

ಈ ಆಟದಲ್ಲಿ ಆಡುವವನಿಗೆ ತಾನು ಕಾಣುವುದಿಲ್ಲ. ತನ್ನ ಕೈ, ಬಂದೂಕಿನ ತುದಿ, ಎದುರಿನ ದಾರಿ, ಅಷ್ಟೇ. ಬಿದ್ದಾಗ ಮಾತ್ರ ನೋಟ ಮೇಲಕ್ಕೇರಿ, ನೆಲದ ಮೇಲೆ ಉದ್ದಕ್ಕೆ ಮಲಗಿದ ತನ್ನನ್ನೇ ತಾನು ನೋಡಬೇಕು. ಈಗ ಪರದೆಯ ಮೇಲೆ ಹಾಗೆ ಅಂಗಾತ ಬಿದ್ದಿದ್ದ ಇಕ್ಕಳ. ಸುತ್ತ ಗುಂಡು ಹಾರುತ್ತಿವೆ. ಮೂಲೆಯಿಂದ ಒಂದು ಆಕೃತಿ ಓಡಿ ಬಂತು. ಬಲಕ್ಕೆ ಹೋಯಿತು, ಗೋಡೆಗೆ ಗುದ್ದಿತು, ತಿರುಗಿತು, ಮತ್ತೆ ಓಡಿತು. ಅವನ ಪಕ್ಕ ಮಂಡಿಯೂರಿ ಕೂತು ಎರಡೂ ಕೈ ಅವನ ಎದೆಯ ಮೇಲಿಟ್ಟಿತು. ಬಿದ್ದವನನ್ನು ಹಾಗೆ ಕೈಯಿಟ್ಟು ಎತ್ತಿ ಆಟಕ್ಕೆ ಮರಳಿಸುವಾಗ ಬಂದೂಕು ಹಿಡಿಯುವಂತಿಲ್ಲ, ಬೆನ್ನಿಗೆ ಗುಂಡು ಬಿದ್ದರೂ ಅಲ್ಲಾಡುವಂತಿಲ್ಲ. ಆಟದ ನಿಯಮವೇ ಅದು. ಹಾಗೆ ಎತ್ತಿದ್ದು ಯಾವ ಅಂಕಕ್ಕೂ ಸೇರುವುದಿಲ್ಲ. ಅದೂ ನಿಯಮವೇ.

“ಹಲೋ, ಕಾಲು ಯಾವ ಕಡೆ ತಿರುಗಿಸ್ಬೇಕು?” ಎಂದ ಗಿರಾಕಿ. ಇಕ್ಕಳ, ಐದು ನಿಮಿಷ ಬಿಟ್ಟು ಮಾಡ್ತೀನಿ ಎಂದು ಇಟ್ಟ.

ಇನ್ನೊಂದು ತೆರೆದ. ಅಕ್ಕ. ಮತ್ತೊಂದು. ಅಕ್ಕ. ಒಂದರಲ್ಲಿ ಬಾವುಟ ಅವಳ ಕೈಗೆಟುಕುವಷ್ಟು ಹತ್ತಿರವಿತ್ತು, ಅದರತ್ತ ತಿರುಗಿಯೂ ನೋಡದೆ ಬಂದಿದ್ದಳು. ಒಂದರಲ್ಲಿ ಎತ್ತಲು ಬಂದು ತಾನೂ ಏಟು ತಿಂದು ಅವನ ಮಗ್ಗುಲಿಗೇ ಬಿದ್ದಿದ್ದಳು, ಅಮ್ಮನ ಪಕ್ಕ ಇಬ್ಬರೂ ಚಾಪೆಯ ಮೇಲೆ ಮಲಗುತ್ತಿದ್ದ ಹಾಗೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಬಿದ್ದಾಗಲೆಲ್ಲ ಯಾರೋ ಎತ್ತುತ್ತಾರೆಂದು ಅವನಿಗೆ ಗೊತ್ತಿತ್ತು. ಪ್ರತಿ ಸಲವೂ ಇವಳೇ ಎಂದು ಗೊತ್ತಿರಲಿಲ್ಲ. ಮಲಗಿದಲ್ಲಿಂದ ಅವನ ಕಣ್ಣು ಹುಡುಕುತ್ತಿದ್ದದ್ದು ಹೊಡೆದವನನ್ನು.

ಆಗ ಅವನಿಗೆ ಇನ್ನೊಂದೂ ಅರ್ಥವಾಯಿತು. ಅಮ್ಮ ಹೋದ ಮೇಲೆ ಅಂಗಡಿಯ ಬಾಗಿಲು ತೆರೆಯದೆ, ಸ್ನಾನ ಮಾಡದೆ, ಇದೇ ಕೋಣೆಯಲ್ಲಿ ಬಿದ್ದುಕೊಂಡಿದ್ದವನು ಯಾರು? ಎಡಬಲ ತಿಳಿಯದ, ಕಂಪ್ಯೂಟರೆಂದರೆ ಹೆದರುವ, ಹಿಟ್ಟಿನ ಕೈಯ ಹೆಂಗಸಿಗೆ ಬಂದೂಕಿನ ಆಟ ಯಾತಕ್ಕೆ ಬೇಕಿತ್ತು? ಬೇಜಾರು ಕಳೆಯಲಿ ಎಂದು ಅಕ್ಕನಿಗೆ ಇವನು ಕಲಿಸಿದ್ದಂತೆ! ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇಂಥ ಅಕ್ಕ ತನಗೆ ಸಿಕ್ಕಳಲ್ಲ ಎಂದು ಎದೆ ತುಂಬಿ ಬಂತು. ಕೂತಲ್ಲೇ ಚೆನ್ನಾಗಿ ಅತ್ತ. ಆಮೇಲೆ ಗಿರಾಕಿಗೆ ಫೋನು ಮಾಡಿ ಕಾಲು ತಿರುಗಿಸುವ ದಿಕ್ಕು ಹೇಳಿದ.

ಚಿತ್ರಕ್ಕೆ ಆರಿಸಿದ್ದು ಗೋಡೆಗೆ ಗುದ್ದಿದ ಆ ಮೊದಲ ತುಣುಕನ್ನೇ. ಬೆಸುಗೆಯದೇ ತಕರಾರಾಯಿತು: ಎದ್ದವನು ಮರುಕ್ಷಣ ದೊಪ್ಪನೆ ನೆಲದ ಮೇಲಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಎಷ್ಟು ಕಡೆ ಕತ್ತರಿಸಿದರೂ ಎಡವಿತು. ಕೊನೆಗೆ ನೋಡಿದರೆ, ಅಕ್ಕ ಓಡಿ ಬರುವ ಮುಂಚೆ ಒಂದು ಹೊಗೆಬಾಂಬು ಎಸೆದಿದ್ದಳು, ಎತ್ತಿದ ಮೇಲೆ ಇನ್ನೊಂದು. ಎರಡೂ, ಕೇಳಬೇಕೆ, ನಮ್ಮವರ ಮುಖಕ್ಕೇ. ಡಾಕ್ಟರು ಬೈದೂ ಬೈದೂ ಸುಸ್ತಾದ ಅದೇ ಹೊಗೆ. ಕೊನೆಯ ಹೊಗೆಯನ್ನು ಮೊದಲ ಹೊಗೆಗೆ ಕೂಡಿಸಿದ, ಬೆಸುಗೆ ಎಲ್ಲಿದೆ ಎಂದು ಮಾಡಿದವನಿಗೇ ಕಾಣದಾಯಿತು. ಅವನು ಮಾಡಿದ ಚಿತ್ರಗಳಲ್ಲಿ ಇಷ್ಟು ನಯವಾಗಿ ತಿರುಗಿದ್ದು ಇನ್ನೊಂದಿಲ್ಲ.

ಅದನ್ನು ಅಕ್ಕನ ಪುಟಕ್ಕಲ್ಲ, ತನ್ನ ಪುಟಕ್ಕೆ ಹಾಕಿದ. ಬಾವುಟದ ಚಿತ್ರ ಕಿತ್ತೆಸೆದ. ಕೆಳಗೆ ಬರೆದ: ಬಿದ್ದಿದ್ದೂ ನಿಜ, ಮೀಸೆ ಮಣ್ಣಾಗಿದ್ದೂ ನಿಜ. ಎತ್ತಿದ್ದು ನಮ್ಮಕ್ಕ.

ಮೊದಲು ನೋಡಿದವರು ಡಾಕ್ಟರು. ಫೋನು ಮಾಡಿ, ನನ್ನ ಹಳೆ ತುಣುಕುಗಳನ್ನು ಕಳಿಸಿದ್ರೆ ಹೀಗೇ ಒಂದು ಮಾಡಿಕೊಡ್ತೀಯಾ ಎಂದರು. ಅವರ ದನಿ ಎಂದಿನಂತಿರಲಿಲ್ಲ. ಸಂಜೆಗೆ ಮೇಷ್ಟ್ರದೂ ಬಂತು, ಮಾತಿಲ್ಲ, ಬರೀ ತುಣುಕು. ಅವುಗಳಲ್ಲೂ ಅವಳೇ.

ಭಾನುವಾರ ಅಕ್ಕ ಕೊನೆಯ ಆಟಕ್ಕೆಂದು ಬಂದಳು. ಅವಳು ಪುಟಗಿಟ ನೋಡುವವಳಲ್ಲ, ಇವತ್ತು ನೋಡಿ ಎಂದು ಡಾಕ್ಟರೇ ಹೇಳಿದರು. ಮೂರು ಪುಟ, ಮೂರರಲ್ಲೂ ಒಬ್ಬೊಬ್ಬರು ನೆಲದ ಮೇಲೆ, ಮೂರರಲ್ಲೂ ಅವಳು ಮಂಡಿಯೂರಿ.

“ಮೂರೂವರೆ ಅಂದಿದ್ದೆ ನಾನು, ತಪ್ಪಾಯ್ತು ಅಕ್ಕ. ನೀವಿಲ್ದಿದ್ರೆ ನಾವು ಮೂರು ಜನಾನೂ ನೆಲದ ಮೇಲೇ,” ಎಂದರು ಡಾಕ್ಟರು.

ಅತ್ತ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಲೋ, ಗೋಡೆಗೆ ಗುದ್ದಿದ್ದನ್ನಾದ್ರೂ ಕತ್ತರಿಸಬಾರ್ದಿತ್ತಾ?” ಎಂದಳು ತಮ್ಮನಿಗೆ.

“ಗುದ್ದಿದ ಮೇಲೂ ಬಂದ್ಯಲ್ಲ ಅಕ್ಕ, ಅದಕ್ಕೇ ಇಟ್ಟೆ.” ಅಷ್ಟಕ್ಕೇ ನಿಲ್ಲಿಸುವವನು, ಇವತ್ತು ಮುಂದುವರಿಸಿದ: “ಅಮ್ಮ ಹೋದಾಗ್ಲೂ ನೀನೇ ಎತ್ತಿದ್ದು. ನಾನು ಒಂದಿನಾನೂ ಹೇಳ್ಲಿಲ್ಲ.”

“ಸಾಕು ಸಾಕು, ಆಟ ಶುರುವಾಗ್ತಿದೆ,” ಎಂದಳು ಅಕ್ಕ. ಆಮೇಲೆ, ಅಭ್ಯಾಸಬಲ ಬಿಡುತ್ತದೆಯೇ, “ಊಟ ಆಯ್ತಾ?”

ಇಕ್ಕಳ ಆಯ್ತು ಎನ್ನಲಿಲ್ಲ. ಇಲ್ಲ ಅಕ್ಕ, ಈ ಚಿತ್ರಗಳ ಗಲಾಟೆಯಲ್ಲಿ ನಿನ್ನೆಯಿಂದ ಬರೀ ಬ್ರೆಡ್ಡು ಎಂದ. ಸರಿ, ಹಿಡಿದುಕೊಂಡಳು ನೋಡಿ! ಹಾಳೂರಿನ ಬೀದಿಬೀದಿಯಲ್ಲಿ ಓಡುತ್ತ ಬೈದಳು, ಡಾಕ್ಟರ ಮುಖಕ್ಕೆ ಹೊಗೆಬಾಂಬು ಎಸೆದು ಬೈದಳು. ಕೊನೆಗೆ, “ನಾಳೆಯಿಂದ ಉಂಡ್ಕೊಂಡೇ ಆಡೋಕೆ ಕೂತ್ಕೋ. ಇಲ್ದಿದ್ರೆ ಬಿದ್ದಲ್ಲೇ ಬಿಟ್ಟು ಹೋಗ್ತೀನಿ,” ಎಂದಳು.

ನಾಳೆಯಿಂದ ಎಂದಳು. ಮೂವರಿಗೂ ಕೇಳಿಸಿತು, ಯಾರೂ ಎತ್ತಿ ಆಡಲಿಲ್ಲ.

ಆ ಖುಷಿಯಲ್ಲಿ ಮೈಮರೆತು ಬಯಲಿನ ನಟ್ಟನಡುವೆ ನಿಂತಿದ್ದ ಇಕ್ಕಳ ಏಟು ತಿಂದು ದೊಪ್ಪೆಂದು ಬಿದ್ದ. ಮೂಲೆಯಲ್ಲಿ ಹೊಡೆದವನ ಹೆಸರು ಬಂತು, ಹೋಯಿತು. ಅವನು ಗುಂಡಿ ಒತ್ತಲಿಲ್ಲ, ಯಾರೆಂದು ನೋಡಲೂ ಇಲ್ಲ. ಅಂಗಾತ ಮಲಗಿ ಬೀದಿಯ ತುದಿಯನ್ನೇ ನೋಡಿದ. ಅಕ್ಕ ಬರುತ್ತಿದ್ದಳು, ಮೊದಲು ಬಲಕ್ಕೆ ಓಡಿ ಗೋಡೆಗೆ ಗುದ್ದಿದಳು.

“ಎಡಕ್ಕೆ ಅಕ್ಕ, ಎಡಕ್ಕೆ.”

“ಗೊತ್ತು, ಸುಮ್ಮನೆ ಮಲಗಿರು,” ಎಂದಳು, “ಬಂದೆ.”